ಮಾಳಿಗೆ ಮ್ಯಾಲಿನ ಮಣ್ಣು, ಕಿಲ್ಲಾರಿಯ ಕೂರಿಗಿ



ಎಂಟತ್ತು ದಿನದಿಂದ ಹೊಲದ ಸುದ್ದಿ ಬರೆದಿಲ್ಲ. ಬೇಸಿಗೆ ಭತ್ತದ ಕಟಾವು ಮುಗೀತು, ಮಾಲು ಹೋಯ್ತು, ಕಾಲುವೆ ಬಂದ್ ಆಯ್ತು. ಈ ಬಿಡುವಿನಾಗ ಹಳೇ ಮನೆಯ ಕೆಲಸ ಹಿಡಿದಿದ್ದೆ. ಮಳೆಗಾಲಕ್ಕೆ ಮುಂಚೆ ಮಾಳಿಗೆ ಮ್ಯಾಲೆ ಸವಳು ಮಣ್ಣು ಹಾಕೋದು ನಮ್ಮ ಕಡೆ ಪದ್ಧತಿ. ಈ ವರ್ಷ ನಾನು ಹಾಕಲಿಲ್ಲ, ಇದ್ದದ್ದನ್ನೇ ಇಳಿಸಿದೆ. ಐದು ಟ್ರಾಲಿ ಮಣ್ಣು ಇಳೀತು. ದಾರಿಯಲ್ಲಿ ಹೋಗೋರೆಲ್ಲ "ಏನ್ರೀ, ಮನಿ ಕೆಡವಾಕತ್ತೀರೇನು?" ಅಂತ ಕೇಳೋರು. ಅವ್ವ ಮೂರು ದಿನ ನನ್ನ ಜೊತೆ ಮಾತು ಬಿಟ್ಟಿದ್ಲು. ಯಾಕೆ ಹಿಂಗ ಮಾಡಿದೆ ಅಂತ ಬರೀತೀನಿ. ಸ್ವಲ್ಪ ಉದ್ದ ಆಗ್ತದ, ಕಟ್ಟಿ ಮ್ಯಾಲೆ ಕುಂತು ನಿಧಾನ ಓದ್ರಿ.

ಮಾತು ಶುರುವಾಗೋದು 1993ರಿಂದ. ಸೆಪ್ಟೆಂಬರ್ 30, ಬೆಳಗಿನ ಜಾವ ನಾಲ್ಕು ಗಂಟೆ ಸುಮಾರು. ಹಿಂದಿನ ದಿನ ಅನಂತ ಚತುರ್ದಶಿ, ಗಣಪತಿ ಕಳಿಸಿ ಜನ ತಡವಾಗಿ ಮಲಗಿದ್ರು. ನನಗೆ ಆಗ 14 ವರ್ಷ. ನಮ್ಮ ಮನೆಯಲ್ಲಿ ನೆಲುವಿನ ಗಡಿಗೆ ಅಲ್ಲಾಡಿ ಸದ್ದಾಯ್ತು, ಅವ್ವ ಬೆಕ್ಕು ಬಂತು ಅಂತ ಗದರಿಸಿದ್ಲು. ಬೆಳಿಗ್ಗೆ ರೇಡಿಯೋದಾಗ ಗೊತ್ತಾಯ್ತು, ಲಾತೂರ್ ಜಿಲ್ಲೆಯ ಕಿಲ್ಲಾರಿ ಸೀಮೆಯಲ್ಲಿ ಭೂಕಂಪ ಅಂತ. ಲಾತೂರ್ ಮತ್ತೆ ಉಸ್ಮಾನಾಬಾದ್ ಜಿಲ್ಲೆಗಳ 52 ಹಳ್ಳಿ ಪೂರ್ತಿ ನೆಲಸಮ. ಸತ್ತವರು ಹತ್ತು ಸಾವಿರದ ಹತ್ತಿರ.

ಆ ಊರುಗಳು ನಮಗೆ ಪರದೇಶ ಅಲ್ಲ. ನಮ್ಮ ರಾಯಚೂರು, ಅವರ ಲಾತೂರು ಎರಡೂ ನಿಜಾಮನ ರಾಜ್ಯದಾಗ ಇದ್ದವು. ಆಳಂದ ದಾಟಿ ಉಮರ್ಗಾಕ್ಕೆ ಹೋದ್ರೆ ಇವತ್ತಿಗೂ ಸಂತೆಯಾಗ ಕನ್ನಡ ನಡೀತದ. ಅದೇ ಎರಿ ಭೂಮಿ, ಅದೇ ಹಿಂಗಾರಿ ಜೋಳ, ಅದೇ ಕಲ್ಲು-ಮಣ್ಣಿನ ಮಾಳಿಗೆ ಮನೆ.

ನಮ್ಮೂರಾಗ ಮನೆಗೊಂದು ಪುಟ್ಟಿ ಜೋಳ ಎತ್ತಿದ್ರು. ಒಂದು ಲಾರಿಯಲ್ಲಿ ಅರ್ಧ ಜೋಳದ ಚೀಲ, ಅರ್ಧ ಕಣಕಿ. ಕಣಕಿ ಹಾಕಿಸಿದ್ದು ನಮ್ಮ ಕಾಕಾ. "ಮನುಷ್ಯಾಗ ಯಾರರೆ ಕೊಡ್ತಾರ, ದನಕ್ಕ ಯಾರು ಕೊಡ್ತಾರ" ಅಂದಿದ್ದ. ಊರಿನ ಬಡಿಗೇರ ಅಣ್ಣನ್ನ ಹೊರಡಿಸಿಕೊಂಡ. ನಾನು ಹಠ ಮಾಡಿ ಲಾರಿ ಹತ್ತಿದೆ. ಲಿಂಗಸುಗೂರು, ತಿಂಥಣಿ ಬ್ರಿಜ್, ಸುರಪುರ, ಕಲಬುರಗಿ, ಆಳಂದ ಹಾದಿ.

ಅಲ್ಲಿ ನೋಡಿದ್ದನ್ನೆಲ್ಲ ಬರೆಯೋದಿಲ್ಲ. ಎರಡು ಮಾತ್ರ ಹೇಳ್ತೀನಿ. ಒಂದು, ರಸ್ತೆ ಬದಿಯಲ್ಲಿ ಬಣವಿ ಎತ್ತರಕ್ಕೆ ಹಳೇ ಬಟ್ಟೆ. ಎಲ್ಲೆಲ್ಲಿಂದಲೋ ಬಂದ ಪ್ಯಾಂಟು, ಸ್ವೆಟರು, ಯಾರೂ ಮುಟ್ಟದೆ ಮಳೆಯಲ್ಲಿ ನೆನೀತಿದ್ವು. ಎರಡನೇದು, ಒಬ್ಬ ಹಿರಿಯ ರೈತ. ಮನೆಯಲ್ಲಿ ನಾಲ್ಕು ಜನರನ್ನ ಕಳಕೊಂಡಿದ್ದ. ಕಾಕಾ ಜೋಳದ ಚೀಲ ಇಳಿಸಲು ಹೋದ್ರೆ ಆತ ಕನ್ನಡದಾಗೇ ಕೇಳಿದ: "ತಿನ್ನಾಕ ಜೋಳ ತಂದೀರಿ, ಪುಣ್ಯ ಬರಲಿ. ಬಿತ್ತಾಕ ಕೂರಿಗಿ ತಂದೀರೇನು?"

ಹಿಂಗಾರಿ ಬಿತ್ತನೆಯ ಹದ ಅದು. ನೆಲದಾಗ ತೇವ ಇತ್ತು. ಎತ್ತು ಉಳಿದವರಿಗೆ ಕೂರಿಗಿ ಇಲ್ಲ, ಎಲ್ಲ ಕಲ್ಲಿನಡಿ. ಹದಿನೈದು ದಿನ ತಪ್ಪಿದ್ರೆ ಮುಂದಿನ ವರ್ಷದ ರೊಟ್ಟಿಯೂ ಹೋಯ್ತು, ದನದ ಮೇವೂ ಹೋಯ್ತು. ಪೇಟೆಯಿಂದ ಬಂದ ಯಾರಿಗೂ ಇದು ಹೊಳೆದಿರಲಿಲ್ಲ, ಹೊಳೆಯೋದೂ ಕಷ್ಟ. ಕಾಕಾ, ಬಡಿಗೇರ ಅಣ್ಣ ಎಂಟು ದಿನ ಅಲ್ಲೇ ಉಳಿದ್ರು. ಬಿದ್ದ ಮನೆಗಳ ಜಂತಿ ಎಳೆದು ಎರಡು ಕೂರಿಗಿ, ಒಂದು ಕುಂಟಿ ಮಾಡಿಕೊಟ್ರು. ನನ್ನನ್ನ ಲಾರಿಯಲ್ಲಿ ವಾಪಸ್ ಕಳಿಸಿದ್ರು. ಬರುವಾಗ ನೋಡ್ದೆ, ಆ ಹಿರಿಯ ಹೊಲದಾಗ ಸೆಡ್ಡಿ ಹಿಡಿದು ನಿಂತಿದ್ದ.

ಆಮೇಲೆ ದೊಡ್ಡ ಸಹಾಯ ಬಂತು. ವಿಶ್ವ ಬ್ಯಾಂಕಿನ ಸಾಲ, ಮಹಾರಾಷ್ಟ್ರ ಸರ್ಕಾರದ ಯೋಜನೆ, ದೇಶದ ಎಲ್ಲ ಕಡೆಯಿಂದ ದಾನಿಗಳು. ಕೆಲಸ ಎರಡು ರೀತಿ ನಡೀತು. ಪೂರ್ತಿ ನೆಲಕಚ್ಚಿದ ಹಳ್ಳಿಗಳನ್ನ ಬೇರೆ ಜಾಗಕ್ಕೆ ಎತ್ತಿ ಹೊಸದಾಗಿ ಕಟ್ಟಿದ್ರು. ಅಲ್ಲಿ ಮನೆ ಅಳತೆ ಹೊಲದ ಮೇಲೆ: ಭೂಮಿ ಇಲ್ಲದವರಿಗೆ 250 ಚದರ ಅಡಿ, ನಡುವಿನವರಿಗೆ 450, ದೊಡ್ಡ ಹಿಡುವಳಿದಾರರಿಗೆ 750. ಇನ್ನು ಮನೆ ಬಿರುಕು ಬಿಟ್ಟ ಹಳ್ಳಿಗಳಲ್ಲಿ ಇದ್ದ ಜಾಗದಲ್ಲೇ ರಿಪೇರಿ. ಎರಡು ಲಕ್ಷದ ಹತ್ತಿರ ಮನೆಗಳು ಇದರಲ್ಲಿ ಬಂದ್ವು. ಮನೆ ಯಜಮಾನನಿಗೇ ಕಂತಿನಲ್ಲಿ ಸಹಾಯ, ಆತನೇ ನಿಂತು ಮಾಡಿಸಬೇಕು. ಸ್ವಯಂ ಶಿಕ್ಷಣ ಪ್ರಯೋಗ ಅನ್ನೋ ಸಂಸ್ಥೆಯವರು ಊರೂರಿಗೆ ಅದೇ ಊರಿನ ಹೆಣ್ಣುಮಕ್ಕಳನ್ನ ಸಂವಾದ ಸಹಾಯಕ ಅಂತ ತಯಾರು ಮಾಡಿದ್ರು. ಸಿಮೆಂಟಿಗೆ ನೀರು ಎಷ್ಟು, ಕಬ್ಬಿಣ ಎಲ್ಲಿ ಬರಬೇಕು, ಕಂತು ಯಾಕೆ ನಿಂತಿದೆ, ಎಲ್ಲ ಕೇಳೋರು ಈ ತಾಯಂದಿರು. 2001ರಲ್ಲಿ ಗುಜರಾತಿನ ಕಛ್ ಭೂಕಂಪ ಆದಾಗ ಇವರೇ ಅಲ್ಲಿಗೆ ಹೋಗಿ ಅಲ್ಲಿನ ಹೆಣ್ಣುಮಕ್ಕಳಿಗೆ ಹೇಳಿಕೊಟ್ರು. ಸಹಾಯ ಪಡೆದವರು ಸಹಾಯ ಮಾಡೋರಾದ್ರು.

ಕಾಕಾ ತೀರಿಕೊಂಡ ಮೇಲೆ ಒಮ್ಮೆ ತುಳಜಾಪುರಕ್ಕೆ ಹೋಗಿ ಬರುವಾಗ ಆ ಕಡೆ ಗಾಡಿ ತಿರುಗಿಸಿದೆ. ಹೊಸ ಊರು ನೋಡಿದ್ರೆ ಪೇಟೆಯ ಲೇಔಟ್. ಅಗಲ ರಸ್ತೆ, ಸಾಲು ಮನೆ. ಹಿರಿಯ ಹೋಗಿಬಿಟ್ಟಿದ್ದ, ಮಗ ಸಿಕ್ಕ. ಚಹಾ ಕುಡಿಸಿದ. ಮನೆ ಗಟ್ಟಿ ಐತಿ, ಅದಕ್ಕೆ ಋಣಿ ಅಂದ. ಆಮೇಲೆ ಹೇಳಿದ: ಹೊಲ ದೂರ ಆಯ್ತು. ಅಣ್ಣ ತಮ್ಮಂದಿರು ಮೊದಲು ಒಂದೇ ವಾಡೆಯಲ್ಲಿದ್ವಿ, ಈಗ ಒಬ್ಬೊಬ್ಬ ಒಂದೊಂದು ಓಣಿ. ಒಂದೇ ಅಳತೆಯ ಮನೆ ಒಂದೇ ಸಾಲಿಗೆ ಬಂದು, ಭೂಮಿ ಇಲ್ಲದವರದು ಒಂದು ಕಡೆ, ಇದ್ದವರದು ಒಂದು ಕಡೆ ಆಯ್ತು. ದನ ಕಟ್ಟಲು, ಕಣಕಿ ಒಟ್ಟಲು ಜಾಗ ಬಿಟ್ಟಿರಲಿಲ್ಲ, ನಾವೇ ತಗಡಿನ ಶೆಡ್ ಹಾಕಿಕೊಂಡ್ವಿ. ಕೂರಿಗಿ ಏನಾಯ್ತು ಅಂತ ಕೇಳ್ದೆ. "ಅದು ಯಾವಾಗೋ ಒಲಿಗೆ ಹೋಯ್ತು, ಈಗ ಟ್ರ್ಯಾಕ್ಟರ್ ಬಿತ್ತತದ" ಅಂತ ನಕ್ಕ. ಹೊರಡುವಾಗ ಮಾತ್ರ "ನಿಮ್ಮ ಬಡಿಗೇರ ಅಣ್ಣ ಅದಾರೇನ್ರೀ?" ಅಂತ ಕೇಳಿದ.

ಇದು ಮಹಾರಾಷ್ಟ್ರದ ಕಥೆ, ನಮಗ್ಯಾಕೆ ಅನ್ನಬ್ಯಾಡ್ರಿ. ಕಿಲ್ಲಾರಿ ಆಗಿ ಸರಿಯಾಗಿ 16 ವರ್ಷಕ್ಕೆ, 2009ರ ಅದೇ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದಲ್ಲಿ ನಮ್ಮಲ್ಲಿ ನೆರೆ ಬಂತು. ಮಂತ್ರಾಲಯವೇ ಮುಳುಗಿದ ವರ್ಷ. ಸರ್ಕಾರ ಜಾಗ ಕೊಟ್ಟು, ದಾನಿಗಳನ್ನ ಕೂಡಿಸಿಕೊಂಡು ಹೊಳೆ ದಂಡೆಯ ಎಷ್ಟೋ ಊರುಗಳನ್ನ ಮೇಲಕ್ಕೆ ಎತ್ತಿ ಕಟ್ಟಿಸಿತು. ತುಂಗಭದ್ರಾ ದಂಡೆಯಲ್ಲಿರೋ ನಮ್ಮ ಅಕ್ಕನಿಗೂ ಒಂದು ಮನೆ ಬಂತು. ಯಾರು ಕಟ್ಟಿಸಿದ್ರು ಅನ್ನೋದು ಇಲ್ಲಿ ಬ್ಯಾಡ. ಆಕಿಗೆ ಎರಡು ಎಮ್ಮೆ. ಎಮ್ಮೆ ಹಳೇ ಊರಾಗ, ಮನುಷ್ಯರು ಹೊಸ ಊರಾಗ. ಬೆಳಿಗ್ಗೆ ಸಂಜೆ ಹಾಲು ಹಿಂಡಲು ಒಂದೂವರೆ ಕಿಲೋಮೀಟರ್ ನಡೆಯೋದು. ವರ್ಷದೊಳಗೆ ವಾಪಸ್ ಹಳೇ ಮನೆಗೇ ಹೋದ್ಲು. ಹೊಸ ಮನೆಯಲ್ಲಿ ಈಗ ಗೊಬ್ಬರದ ಚೀಲ ಅದಾವ. "ತಮ್ಮಾ, ಮನಿ ಕೊಟ್ರು, ಹಿತ್ತಲ ಕೊಡಲಿಲ್ಲ" ಅಂತಾಳ. ಪ್ರತಿ ಸಾರಿ ಹೊಳೆಗೆ ನೀರು ಬಿಟ್ಟಾಗ ನನಗೆ ಜೀವ ಕೈಯಾಗ.

ಕೊಟ್ಟವರ ಮನಸ್ಸು ಕೆಟ್ಟದ್ದಾಗಿರಲಿಲ್ಲ. ಆದ್ರೆ ರೈತನ ಮನೆ ಅಂದ್ರೆ ಮಲಗೋ ಜಾಗ ಅಷ್ಟೇ ಅಂತ ತಿಳಿದ್ರು. ಗ್ವಾದಲಿ, ತಿಪ್ಪಿ, ಬಣವಿ, ಕಾಳು ಒಣಗಿಸೋ ಮಾಳಿಗೆ, ಸಂಜಿ ನಾಲ್ಕು ಮಂದಿ ಕೂಡೋ ಕಟ್ಟಿ, ಎಲ್ಲ ಸೇರಿದ್ರೆ ಮನೆ. ಇದನ್ನ ಹೇಳಬೇಕಾದವರು ನಾವು. ಕೇಳದೆ ಕೊಟ್ಟವರದು ಅರ್ಧ ತಪ್ಪಾದ್ರೆ, ಹೇಳದೆ ತಗೊಂಡ ನಮ್ಮದು ಅರ್ಧ.

ಈಗ ನಮ್ಮ ಮಾಳಿಗೆಗೆ ಬರೋಣ.

2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದಲ್ಲಿ ಮೇಲಿಂದ ಮೇಲೆ ಭೂಮಿ ನಡುಗ್ತು, ಜನ ಮನೆ ಬಿಟ್ಟು ಹೊರಗೆ ಮಲಗಿದ್ರು. ಆವತ್ತು ಟಿವಿಯಲ್ಲಿ ಆ ಮನೆಗಳನ್ನ ನೋಡಿ, ತಲೆ ಎತ್ತಿ ನಮ್ಮ ಜಂತಿ ನೋಡ್ದೆ. ನಮ್ಮ ಸೀಮೆಯಲ್ಲಿ ಭಯ ಕಡಿಮೆ ಅಂತಾರೆ, ನಿಜ. 2002ರ ಭೂಕಂಪ ನಕ್ಷೆಯಲ್ಲಿ ರಾಯಚೂರು ಇರೋದು ಎರಡನೇ ವಲಯದಲ್ಲಿ, ಎಲ್ಲಕ್ಕಿಂತ ಕಡಿಮೆ ಅಪಾಯದ್ದು. ಆದ್ರೆ 1993ರಲ್ಲಿ ಜಾರಿಯಲ್ಲಿದ್ದ ನಕ್ಷೆಯಲ್ಲಿ ಕಿಲ್ಲಾರಿಯೂ ಒಂದನೇ ವಲಯದಲ್ಲೇ ಇತ್ತು. ಊರು ಹೋದ ಮೇಲೆ ಅದನ್ನ ಮೂರಕ್ಕೆ ಏರಿಸಿದ್ರು.

ಅಲ್ಲಿ ಕೊಂದದ್ದು ಏನು? ಗೋಡೆ ಎರಡು ಅಡಿಗೂ ಮೇಲೆ ದಪ್ಪ. ಒಳಮೈಗೆ ಒಂದು ಸಾಲು ಕಲ್ಲು, ಹೊರಮೈಗೆ ಒಂದು ಸಾಲು, ನಡುವೆ ಮಣ್ಣು, ಪುಡಿಗಲ್ಲು. ಎರಡನ್ನೂ ಹಿಡಿದುಕೊಳ್ಳೋ ಉದ್ದದ ಕಲ್ಲು ಹಾಕಿರಲಿಲ್ಲ. ನಡುಗಿದಾಗ ಎರಡು ಮೈ ಬೇರೆಯಾಗಿ ಕುಸಿದ್ವು. ಎಷ್ಟೋ ಕಡೆ ಕಂಬ-ತೊಲೆ ನಿಂತೇ ಇದ್ವು, ಗೋಡೆ ಜನರ ಮೇಲೆ ಬಿತ್ತು. ಅದರ ಮೇಲೆ ಮಾಳಿಗೆಯ ಮಣ್ಣು. ಪ್ರತಿ ವರ್ಷ ಸೋರಬಾರದು ಅಂತ ಹಾಕ್ತಾ ಹಾಕ್ತಾ ಏರಿದ ಮಣ್ಣು.

ನಮ್ಮ ಮನೆ 30 ಅಡಿ, 20 ಅಡಿ. ಮಣ್ಣು ಅಳೆದೆ, ಒಂದೂವರೆ ಅಡಿ. 900 ಘನ ಅಡಿ ಆಯ್ತು. ಘನ ಅಡಿಗೆ ಸುಮಾರು 45 ಕೆಜಿ. ಅಂದ್ರೆ 40 ಟನ್. ನಮ್ಮ 75 ಕೆಜಿ ಭತ್ತದ ಚೀಲದ ಲೆಕ್ಕದಾಗ 540 ಚೀಲ. ಅಷ್ಟು ಚೀಲ ತಲೆ ಮೇಲೆ ಒಟ್ಟಿಕೊಂಡು ಅವ್ವ, ಮಕ್ಕಳು ಅದರ ಕೆಳಗೆ ಮಲಗ್ತಿದ್ದೀವಿ.

ಮನೆ ಕೆಡವಿ ಆರ್‌ಸಿಸಿ ಹಾಕೋಷ್ಟು ದುಡ್ಡು ಇಲ್ಲ. ಇದ್ದಿದ್ರೂ ಅವ್ವ ಒಪ್ಪೋದಿಲ್ಲ. ಅದಕ್ಕೆ ಕಿಲ್ಲಾರಿ ಸೀಮೆಯಲ್ಲಿ ರಿಪೇರಿ ಮಾಡಿದ ದಾರಿಯನ್ನೇ ಹಿಡಿದೆ, ಒಬ್ಬ ಪರಿಚಯದ ಇಂಜಿನಿಯರ್‌ಗೆ ಮನೆ ತೋರಿಸಿಕೊಂಡು. ಮಣ್ಣು ಎಂಟು ಇಂಚಿಗೆ ಇಳಿಸಿದ್ವಿ. ಸೋರದ ಹಂಗೆ ಅದರ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ, ಕೃಷಿ ಹೊಂಡಕ್ಕೆ ಹಾಸ್ತೀವಲ್ಲ ಅಂಥದ್ದು. 300 ಚೀಲದ ಭಾರ ಕಡಿಮೆ ಆಯ್ತು. ಗೋಡೆಯಲ್ಲಿ ಮೂರ್ನಾಲ್ಕು ಅಡಿಗೊಂದು ಕಡೆ ಕಲ್ಲು ನಿಧಾನ ಬಿಡಿಸಿ, ಆರಪಾರ ತೂತು ಮಾಡಿ, ಕೊಕ್ಕೆ ಬಗ್ಗಿಸಿದ ಸರಳು ಇಟ್ಟು ಕಾಂಕ್ರೀಟ್ ತುಂಬಿದ್ವಿ. ಇದಕ್ಕೆ ಸುತ್ತಿಗೆ ಹೊಡೀಬಾರದು, ಗೋಡೆ ಅದರುತ್ತದ. ಹಾರಿಯಿಂದ ಮೆಲ್ಲಗೆ ಬಿಡಿಸಬೇಕು. ಬಾಗಿಲ ಮೇಲಿನ ಮಟ್ಟಕ್ಕೆ ಒಳಗೂ ಹೊರಗೂ ಮನೆ ಸುತ್ತ ಕಬ್ಬಿಣದ ಜಾಳಿಗೆ ಪಟ್ಟಿ ಬಡಿದು ಸಿಮೆಂಟ್ ಮೆತ್ತಿದ್ವಿ, ಬಂಡಿ ಗಾಲಿಗೆ ಹಳಿ ಕಟ್ಟಿದ ಹಂಗೆ. ಕಂಬ-ತೊಲೆ ಕೂಡೋ ಜಾಗಕ್ಕೆ ಓರೆ ಕಟ್ಟಿಗೆ ಕೊಟ್ವಿ. ಎಲ್ಲ ಸೇರಿ ಖರ್ಚು ಒಂದು ಜೊತೆ ಒಳ್ಳೆ ಎತ್ತಿನ ರೇಟಿಗಿಂತ ಕಡಿಮೆ.

ಇಷ್ಟು ಮಾಡಿದ್ರೆ ಮನೆ ಬೀಳೋದೇ ಇಲ್ಲ ಅಂತ ಯಾರೂ ಬರೆದುಕೊಡಲ್ಲ. ಬಿದ್ರೂ ಒಮ್ಮೆಲೇ ಮೈಮೇಲೆ ಬೀಳದೆ, ಹೊರಗೆ ಓಡಲು ಹೊತ್ತು ಸಿಗಬೇಕು, ಅದು ಲೆಕ್ಕ.

ಅವ್ವ ಯಾಕೆ ಸಿಟ್ಟಾದ್ಲು ಅಂತ ನನಗೆ ಮೊದಲು ತಿಳೀಲಿಲ್ಲ. ಮೂರನೇ ದಿನ ತಾನೇ ಹೇಳಿದ್ಲು: "ಆ ಮಣ್ಣು ನಿಮ್ಮಪ್ಪ ಹೊತ್ತು ಹಾಕಿದ್ದೋ. ವರ್ಷ ವರ್ಷ ನಾ ಪುಟ್ಟಿ ತುಂಬಿ ಕೊಡ್ತಿದ್ದೆ." ನನಗೆ ಏನು ಹೇಳಬೇಕು ತಿಳೀಲಿಲ್ಲ. ಇಳಿಸಿದ ಮಣ್ಣಲ್ಲಿ ಒಂದು ಟ್ರಾಲಿ ತಂದು ಹಿತ್ತಲದ ದನದ ಕೊಟ್ಟಿಗೆಯ ನೆಲಕ್ಕೆ ಹಾಕಿ ಬಡಿಸಿದೆ. ಈಗ ದಿನಾ ಬೆಳಿಗ್ಗೆ ಅದನ್ನ ಸಗಣಿ ಹಾಕಿ ಸಾರಿಸ್ತಾಳ. ಮಾತು ಶುರುವಾಗೈತಿ.

ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಅಣ್ಣತಮ್ಮಂದಿರೇ, ಮಳೆ ಹಿಡಿಯೋಕೆ ಇನ್ನೂ ಹದಿನೈದು ದಿನ ಐತಿ. ಮಾಳಿಗೆ ಮ್ಯಾಲೆ ಹತ್ತಿ ಒಂದು ಸರಳು ಚುಚ್ಚಿ ಮಣ್ಣು ಎಷ್ಟು ಅಡಿ ಐತಿ ಅಳೀರಿ, ಮೇಲಿನ ಲೆಕ್ಕ ಹಾಕ್ರಿ. ಗೋಡೆ ಎಲ್ಲಾದರೂ ಹೊಟ್ಟೆ ಬಂದಿದ್ರೆ ಮೊದಲು ಆ ಕಡೆ ಮಲಗೋದು ಬಿಡ್ರಿ, ಆಮೇಲೆ ಗೊತ್ತಿದ್ದವರಿಗೆ ತೋರಿಸ್ರಿ. ಮುಂದೆ ಎಲ್ಲಾದರೂ ನೆರೆಯೋ ಭೂಕಂಪವೋ ಆಗಿ ಲಾರಿ ತುಂಬೋ ಪ್ರಸಂಗ ಬಂದ್ರೆ, ಹೊರಡೋಕೆ ಮುಂಚೆ ಒಂದು ಫೋನ್ ಮಾಡಿ ಕೇಳ್ರಿ, ಅಲ್ಲಿ ಈಗ ಯಾವ ಬಿತ್ತನೆಯ ಹದ ನಡೆದೈತಿ ಅಂತ. ಒಬ್ಬ ಬಡಿಗೇರನ್ನೂ ಜೊತೆಗೆ ಕರಕೊಂಡು ಹೋಗ್ರಿ.

ಮುಂದಿನ ಸಾರಿ ಭತ್ತದ ಸಸಿಮಡಿ ಬಗ್ಗೆ ಬರೀತೀನಿ. ಶರಣು.