ಲಾಗ ಹಾಕುವ ಮಗಳಿಗೆ ಗುರು ಎಲ್ಲಿ?

ಮಕ್ಕಳ ಓದಿನ ವಿಷಯದಲ್ಲಿ ನಮ್ಮ ಪಾಲಕರು ವಹಿಸುವ ಕಾಳಜಿ ಎಲ್ಲರೂ ಬಲ್ಲಂಥದೇ. ಶಾಲೆ ಯಾವುದು, ಮಾಧ್ಯಮ ಯಾವುದು, ಮನೆಪಾಠ ಯಾರ ಬಳಿ ಎಂಬುದನ್ನು ಹತ್ತು ಜನರಲ್ಲಿ ವಿಚಾರಿಸಿಯೇ ನಿರ್ಧರಿಸುತ್ತೇವೆ. ಆದರೆ ಅದೇ ಮಗುವನ್ನು ಆಟೋಟದ ತರಬೇತಿಗೆ ಸೇರಿಸುವಾಗ ಗೋಡೆಗೆ ಅಂಟಿಸಿದ ಒಂದು ಭಿತ್ತಿಪತ್ರ ನೋಡಿದರೆ ಸಾಕೆನಿಸುತ್ತದೆ. ಅಕ್ಷರ ತಪ್ಪಿದರೆ ಅಳಿಸಿ ಬರೆಯಬಹುದು. ಎಳೆಯ ಎಲುಬಿಗೆ ಪೆಟ್ಟಾದರೆ ಅದನ್ನು ಅಷ್ಟು ಸುಲಭವಾಗಿ ಸರಿಪಡಿಸಲಾಗದು. ಈ ಮಾತು ನಮ್ಮ ಮನಸ್ಸಿಗೆ ತಟ್ಟಿದ್ದು ಮಗಳಿಗಾಗಿ ಜಿಮ್ನಾಸ್ಟಿಕ್ಸ್ ಕಲಿಸುವವರನ್ನು ಹುಡುಕಲು ಹೊರಟಾಗ.

ನಮ್ಮ ಮಗಳಿಗೆ ಎಂಟು ವರ್ಷ. ನಿಂತಲ್ಲಿ ಲಾಗ ಹಾಕುವುದು, ಗೋಡೆಗೆ ಕಾಲು ಕೊಟ್ಟು ತಲೆಕೆಳಗಾಗಿ ನಿಲ್ಲುವುದು ಅವಳಿಗೆ ಊಟ ನಿದ್ರೆಗಳಷ್ಟೇ ಸಹಜ. ಹೇಗೂ ಮಾಡುತ್ತಾಳೆ, ಮಾಡುವುದನ್ನು ಬಲ್ಲವರ ಕೈಕೆಳಗೆ ಮಾಡಲಿ ಎಂಬುದು ನಮ್ಮ ವಿಚಾರ. ಮನೆಯ ಹಿರಿಯರಾದ ಅವ್ವನವರು ಮಾತ್ರ ಒಪ್ಪಲಿಲ್ಲ. "ಹೆಣ್ಣು ಕೂಸು, ಬಿದ್ದು ಕೈಕಾಲು ಮುರಕೊಂಡ್ರ ಏನು ಗತಿ? ಬೇಕಾದ್ರ ಸಂಗೀತ ಕಲಸ್ರಿ" ಎಂದರು. ಅವರ ಮಾತಿನಲ್ಲಿ ಹಳೆಯ ಕಾಲದ ಅಂಜಿಕೆ ಇದ್ದುದು ನಿಜ. ಆದರೆ ಉತ್ತರಿಸಲೇಬೇಕಾದ ಪ್ರಶ್ನೆಯೂ ಅದರಲ್ಲಿತ್ತು.

ಜಿಮ್ನಾಸ್ಟಿಕ್ಸ್ ಎಂಬುದು ಒಂದೇ ಆಟವಲ್ಲ. ಕಲಾತ್ಮಕ ವಿಭಾಗದಲ್ಲಿ ಹುಡುಗಿಯರಿಗೆ ನಾಲ್ಕು ಸಾಧನಗಳು: ವಾಲ್ಟ್, ಮೇಲು-ಕೆಳಗಿನ ಎರಡು ಕಂಬಿಗಳು, ಸಮತೋಲನದ ತೊಲೆ ಮತ್ತು ನೆಲದ ಮೇಲಿನ ಪ್ರದರ್ಶನ. ಹುಡುಗರಿಗೆ ಆರು. ಸ್ಪರ್ಧೆಯ ತೊಲೆಯ ಅಗಲ ಕೇವಲ 10 ಸೆಂಟಿಮೀಟರು, ಉದ್ದ 5 ಮೀಟರು, ಎತ್ತರ ಒಂದೂಕಾಲು ಮೀಟರು. ಅಂಥದರ ಮೇಲೆ ನಡೆಯುವುದಲ್ಲ, ಪಲ್ಟಿ ಹೊಡೆಯಬೇಕು! ಇದನ್ನು ಕೇಳಿದ ಮೇಲೆ ಅವ್ವನವರ ಅಂಜಿಕೆಯನ್ನು ಹಗುರವಾಗಿ ಕಾಣುವುದು ನಮಗೂ ಸಾಧ್ಯವಾಗಲಿಲ್ಲ.

ರಾಯಚೂರು ನಗರದಲ್ಲಿ ನಾವು ಎರಡು ಕಡೆ ಹೋಗಿ ನೋಡಿದೆವು. ಮೊದಲನೆಯ ಕಡೆ ಗೋಡೆಗೆಲ್ಲ ಹೊಸ ಬಣ್ಣ, ಕಪಾಟಿನ ತುಂಬ ಕಪ್ಪುಗಳು. ಮಕ್ಕಳ ಅಭ್ಯಾಸ ನೋಡಬಹುದೇ ಎಂದು ಕೇಳಿದರೆ, "ಪಾಲಕರು ಹೊರಗೆ ಕೂಡಬೇಕು" ಎಂದರು. ಬಾಗಿಲ ಸಂದಿಯಿಂದ ಕಂಡ ದೃಶ್ಯ ಇಷ್ಟು: ಕಾಲುಗಳನ್ನು ಎರಡೂ ಬದಿಗೆ ಚಾಚಿ ಕುಳಿತ ಆರೇಳು ವರ್ಷದ ಹುಡುಗಿಯೊಬ್ಬಳ ಹೆಗಲ ಮೇಲೆ ಶಿಕ್ಷಕರು ತಮ್ಮ ಭಾರವನ್ನೆಲ್ಲ ಹಾಕಿ ಒತ್ತುತ್ತಿದ್ದರು. ಹುಡುಗಿ ಅಳುತ್ತಿದ್ದಳು, ಉಳಿದ ಮಕ್ಕಳು ಮೌನವಾಗಿದ್ದರು. ಆ ಮೌನವೇ ನಮ್ಮನ್ನು ಹೆಚ್ಚು ಕಾಡಿತು.

ಎರಡನೆಯದು ಸಾಧಾರಣವಾದ ಸ್ಥಳ. ಕಪ್ಪುಗಳಿರಲಿಲ್ಲ. ದಪ್ಪನೆಯ ಮ್ಯಾಟುಗಳು ನಡುವೆ ಸಂದಿಯಿಲ್ಲದಂತೆ ಒಂದಕ್ಕೊಂದು ತಾಗಿ ಹಾಸಿದ್ದವು. ಪಾಲಕರಿಗೆಂದು ಗೋಡೆಯ ಪಕ್ಕ ಬೆಂಚು ಇತ್ತು. ಶಿಕ್ಷಕರೊಡನೆ ಒಬ್ಬ ಮಹಿಳಾ ಸಹಾಯಕಿಯೂ ಇದ್ದರು. ಹೊಸ ಮಕ್ಕಳು ಅರ್ಧ ಗಂಟೆ ಬರೀ ಉರುಳುತ್ತಲೇ ಇದ್ದರು. ಇದೇನೆಂದು ಕೇಳಿದಾಗ ಶಿಕ್ಷಕರು ನಕ್ಕು, "ಮೊದಲ ಬೀಳೋದು ಕಲಸ್ತೀವ್ರಿ, ಆಮ್ಯಾಗ ಹಾರೋದು" ಎಂದರು. ಬೀಳುವಾಗ ಕೈಯನ್ನು ಸೆಟೆದು ನೆಲಕ್ಕೆ ಕೊಟ್ಟರೆ ಮಣಿಕಟ್ಟು ಮೊಣಕೈಗಳಿಗೆ ಪೆಟ್ಟು, ಮೈಯನ್ನು ಮುದುಡಿ ಉರುಳಿದರೆ ಪೆಟ್ಟು ಹಂಚಿಹೋಗುತ್ತದೆ ಎಂದು ತೋರಿಸಿಯೂ ಕೊಟ್ಟರು. ಈ ಮಾತನ್ನು ಮನೆಯಲ್ಲಿ ಹೇಳಿದಾಗ ಅವ್ವನವರು ತುಸು ಹೊತ್ತು ಸುಮ್ಮನಿದ್ದು, "ಬೀಳೋದು ಕಲಸವರು ಇದ್ದರ ಕಳಸ್ರಿ" ಎಂದುಬಿಟ್ಟರು.

ನಾವು ಕೇಳಿದ ಪ್ರಶ್ನೆಗಳು ಇತರ ಪಾಲಕರಿಗೂ ಉಪಯುಕ್ತವಾದಾವೆಂದು ಇಲ್ಲಿ ಹೇಳುತ್ತೇವೆ. ಶಿಕ್ಷಕರು ಎಲ್ಲಿ ಕಲಿತವರು? 1961ರಲ್ಲಿ ಆರಂಭವಾದ ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ತರಬೇತುದಾರರಿಗೆಂದೇ ಡಿಪ್ಲೊಮಾ ನೀಡುತ್ತದೆ. ಅಂಥ ಅರ್ಹತೆ ಇದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಒಬ್ಬರ ಕೈಕೆಳಗೆ ಏಕಕಾಲಕ್ಕೆ ಎಷ್ಟು ಮಕ್ಕಳು? ಪೆಟ್ಟಾದರೆ ಪ್ರಥಮ ಚಿಕಿತ್ಸೆ ಬಲ್ಲವರು ಯಾರು? ಬೆಳೆಯುವ ಮಕ್ಕಳ ಎಲುಬುಗಳ ತುದಿಯಲ್ಲಿ ಮೆತ್ತನೆಯ ಬೆಳವಣಿಗೆಯ ಪದರವಿರುತ್ತದೆ. ವಿಶ್ರಾಂತಿಯಿಲ್ಲದೆ ಮಣಿಕಟ್ಟಿನ ಮೇಲೆ ಪದೇ ಪದೇ ಭಾರ ಬಿದ್ದರೆ ಅದಕ್ಕೆ ಧಕ್ಕೆಯಾಗುತ್ತದೆ. ಆದ್ದರಿಂದ ವಾರದಲ್ಲಿ ಬಿಡುವಿನ ದಿನಗಳಿವೆಯೇ ಎಂಬುದೂ ಮುಖ್ಯ. ನಮ್ಮ ಕಡೆಯ ಬಿಸಿಲನ್ನಂತೂ ಹೇಳಬೇಕಾಗಿಲ್ಲ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ತಗಡಿನ ಛಾವಣಿಯ ಕೆಳಗೆ ಮಧ್ಯಾಹ್ನದ ಅಭ್ಯಾಸ ಸಲ್ಲದು. ಬೆಳಗಿನ ಹೊತ್ತೇ ಲೇಸು.

ಇನ್ನೊಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ಈ ವಿದ್ಯೆಯಲ್ಲಿ ಶಿಕ್ಷಕರು ಮಗುವನ್ನು ಹಿಡಿದು ಎತ್ತಲೇಬೇಕಾಗುತ್ತದೆ. ಹಾಗಿರುವಾಗ ಬಾಗಿಲು ತೆರೆದಿರಬೇಕು, ಇನ್ನೊಬ್ಬ ಹಿರಿಯರ ಕಣ್ಣು ಅಲ್ಲಿರಬೇಕು. ಅಮೆರಿಕೆಯ ರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ತಂಡದ ವೈದ್ಯನಾಗಿದ್ದ ಲ್ಯಾರಿ ನಾಸರ್ ಎಂಬವನು ಚಿಕಿತ್ಸೆಯ ಹೆಸರಿನಲ್ಲಿ ನೂರಾರು ಹುಡುಗಿಯರನ್ನು ಪೀಡಿಸಿದ್ದು ಬಯಲಾಗಿ 2018ರಲ್ಲಿ ದೀರ್ಘ ಸೆರೆವಾಸದ ಶಿಕ್ಷೆಗೆ ಗುರಿಯಾದ. ಒಲಿಂಪಿಕ್ ಪದಕ ಗೆದ್ದವರೂ ಅವನಿಂದ ನೊಂದಿದ್ದರು. ನಮ್ಮ ದೇಶದಲ್ಲಿ 2012ರ ಪೋಕ್ಸೋ ಕಾಯಿದೆ ಮಕ್ಕಳ ರಕ್ಷಣೆಗಿದೆ, 1098 ಸಹಾಯವಾಣಿಯೂ ಇದೆ. ಆದರೆ ಎಲ್ಲಕ್ಕಿಂತ ಮೊದಲ ರಕ್ಷಣೆ ಎಂದರೆ, ಏನಾದರೂ ಅಂಜದೆ ಮನೆಯಲ್ಲಿ ಹೇಳಬಹುದು ಎಂಬ ಧೈರ್ಯ ಮಗುವಿಗಿರುವುದು.

ನಗರದವರ ಮಾತಾಯಿತು, ತಾಲೂಕಿನವರ ಗತಿಯೇನು? ನಮ್ಮ ನಾದಿನಿಯವರು ಮಾನ್ವಿಯಲ್ಲಿದ್ದಾರೆ, ಷಡ್ಡಕರ ಕುಟುಂಬ ದೇವದುರ್ಗದಲ್ಲಿದೆ. ಎರಡೂ ಮನೆಗಳಲ್ಲಿ ಇಂಥವೇ ಚಿಗರೆಯಂಥ ಮಕ್ಕಳು. ಸುಮಾರು ಐವತ್ತು ಕಿಲೋಮೀಟರು ದೂರದ ರಾಯಚೂರಿಗೆ ದಿನವೂ ಬಸ್ಸಿನಲ್ಲಿ ಬಂದು ಹೋದರೆ ಓದೂ ಇಲ್ಲ, ನಿದ್ರೆಯೂ ಇಲ್ಲ. ಅವರಿಗೆ ನಾವು ಹೇಳಿದ್ದು, ಮೊದಲು ಶಾಲೆಯ ದೈಹಿಕ ಶಿಕ್ಷಕರನ್ನು ಕಾಣಿರಿ ಎಂದು. ಉರುಳು, ಕೈಮೇಲೆ ನಿಲ್ಲುವುದು, ಯೋಗಾಸನ ಇವಿಷ್ಟಕ್ಕೆ ಒಳ್ಳೆಯ ಮ್ಯಾಟು, ನುರಿತ ಕಣ್ಣು ಇದ್ದರೆ ಸಾಕು. ನಿಜವಾದ ಒಲವು ಕಂಡರೆ, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಕ್ರೀಡಾ ವಸತಿ ನಿಲಯಗಳಿಗೆ ನಡೆಸುವ ಆಯ್ಕೆಯ ಬಗ್ಗೆ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಬಹುದು.

ನಮ್ಮ ನೆಲದ ವಿದ್ಯೆಯೊಂದನ್ನೂ ಇಲ್ಲಿ ನೆನೆಯಬೇಕು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹನ್ನೆರಡನೆಯ ಶತಮಾನದ 'ಮಾನಸೋಲ್ಲಾಸ'ದಲ್ಲಿಯೇ ಮಲ್ಲರ ಕಂಬದ ಸಾಧನೆಯ ಉಲ್ಲೇಖವಿದೆ. ಗದಗ ಜಿಲ್ಲೆಯ ಲಕ್ಷ್ಮೇಶ್ವರ, ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಗಳು ಮಲ್ಲಕಂಬಕ್ಕೆ ಹೆಸರಾದ ಊರುಗಳು. ನೆಲದಲ್ಲಿ ನೆಟ್ಟು ಔಡಲೆಣ್ಣೆ ಸವರಿದ ಒಂದು ಕಂಬ, ಇಲ್ಲವೆ ಮೇಲಿನಿಂದ ಇಳಿಬಿಟ್ಟ ಒಂದು ಹಗ್ಗ, ಜೊತೆಗೆ ಬಲ್ಲ ಗುರು: ಇದ್ದರೆ ಶಾಲೆಯ ಅಂಗಳವೇ ಸಾಕು. ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿಯೂ ಇದಕ್ಕೆ ಸ್ಥಾನ ದೊರೆತಿದೆ.

ಸಾಧನೆಗೆ ಸೌಕರ್ಯವೇ ಎಲ್ಲವೂ ಅಲ್ಲವೆಂಬುದಕ್ಕೆ ಅಗರ್ತಲಾದ ದೀಪಾ ಕರ್ಮಾಕರ್ ಸಾಕ್ಷಿ. ಚಪ್ಪಟೆ ಪಾದದ ಆ ಹುಡುಗಿ 2016ರ ರಿಯೋ ಒಲಿಂಪಿಕ್ಸಿನ ವಾಲ್ಟ್ ಸ್ಪರ್ಧೆಯಲ್ಲಿ ನಾಲ್ಕನೆಯವಳಾದಳು. ನಮಗೆ ಬೆಂಗಳೂರಿಗಿಂತ ಹತ್ತಿರದ ಹೈದರಾಬಾದಿನ ಅರುಣಾ ಬುಡ್ಡಾ ರೆಡ್ಡಿ 2018ರಲ್ಲಿ ಮೆಲ್ಬರ್ನಿನ ವಿಶ್ವಕಪ್ಪಿನಲ್ಲಿ ಕಂಚು ತಂದಳು. ಆದರೆ ಇಂಥ ಹೆಸರುಗಳನ್ನು ತೋರಿಸಿ ಎಂಟರ ಮಗುವನ್ನು ಅವಸರಪಡಿಸುವುದು ತರವಲ್ಲ. ಒಲಿಂಪಿಕ್ಸಿನಲ್ಲಿ ಭಾಗವಹಿಸುವ ಹುಡುಗಿಗೆ ಆ ವರ್ಷ 16 ತುಂಬಬೇಕೆಂಬ ನಿಯಮವೇ ಇದೆ.

ನಾವು ಕಪ್ಪುಗಳಿಲ್ಲದ ಸ್ಥಳವನ್ನೇ ಆರಿಸಿಕೊಂಡೆವು. ವಾರಕ್ಕೆ ಮೂರು ದಿನ ಮಗಳು ಹೋಗಿ ಬರುತ್ತಾಳೆ. ಪದಕ ಬರುವುದೋ ಇಲ್ಲವೋ, ಅದು ನಮ್ಮ ಚಿಂತೆಯಲ್ಲ. ಅಭ್ಯಾಸ ಮುಗಿಸಿ ಬಂದ ಮಗು ನಗುತ್ತ ಊಟಕ್ಕೆ ಕೂಡುತ್ತದೆಯೇ, ನಾಳೆ ಹೋಗಲು ತಾನಾಗಿಯೇ ಬಟ್ಟೆ ತೆಗೆದಿಡುತ್ತದೆಯೇ ಎಂಬುದನ್ನು ಪಾಲಕರು ಗಮನಿಸಬೇಕು. ಯಾವ ಪ್ರಮಾಣಪತ್ರವೂ ಹೇಳದ್ದನ್ನು ಅದು ಹೇಳುತ್ತದೆ.