ಕೊಲರಾಡೊ ದಂಡೆಯ ಅಗ್ಗದ ಕೋಣೆ

ಅಮೆರಿಕದಲ್ಲಿ ಜೂಜಿನ ಊರೆಂದರೆ ಲಾಸ್ ವೇಗಸ್ ಒಂದೇ ಎಂದು ನಮ್ಮಲ್ಲಿ ಅನೇಕರ ಎಣಿಕೆ. ಅಲ್ಲಿಂದ ದಕ್ಷಿಣಕ್ಕೆ ಸುಮಾರು 150 ಕಿ.ಮೀ. ಬೋಳು ಬೆಟ್ಟಗಳ ನಡುವೆ ಸಾಗಿದರೆ ಕೊಲರಾಡೊ ನದಿಯ ದಂಡೆಯಲ್ಲಿ ಲಾಫ್ಲಿನ್ ಎಂಬ ಸಣ್ಣ ಊರು ಸಿಗುತ್ತದೆ. ನದಿಯ ಈ ದಂಡೆ ನೆವಾಡಾ, ಆ ದಂಡೆ ಅರಿಝೋನಾ. ನೆವಾಡಾದಲ್ಲಿ 1931ರಿಂದಲೂ ಜೂಜಿಗೆ ಕಾನೂನಿನ ಒಪ್ಪಿಗೆ ಇರುವುದರಿಂದ ಕ್ಯಾಸಿನೊ ಹೋಟೆಲುಗಳೆಲ್ಲ ಈ ದಂಡೆಯಲ್ಲೇ ಸಾಲುಗಟ್ಟಿ ನಿಂತಿವೆ. ಅಲ್ಲಿ ದುಡಿಯುವವರಲ್ಲಿ ಬಹಳಷ್ಟು ಮಂದಿಯ ಮನೆ ಎದುರು ದಂಡೆಯ ಬುಲ್‌ಹೆಡ್ ಸಿಟಿಯಲ್ಲಿದೆ.

ವೇಗಸ್ಸಿನ ಥಳಕು ಇಲ್ಲಿಲ್ಲ. ಸಾದಾ ಕಟ್ಟಡಗಳು, ಸಾದಾ ಕೋಣೆಗಳು, ನಿವೃತ್ತರಾದ ಗಿರಾಕಿಗಳು. ಬೇಸಿಗೆಯ ಬಿಸಿಲಂತೂ ರಾಯಚೂರಿನವರೂ ಕೈಮುಗಿಯಬೇಕಾದಂಥದು. 1994ರ ಜೂನ್ 29ರಂದು ಇಲ್ಲಿ 51.7 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ನೆವಾಡಾ ರಾಜ್ಯದ ದಾಖಲೆ ಅದು. ನದಿಯ ನೀರು ಮಾತ್ರ ಆಗಲೂ ತಣ್ಣಗಿರುತ್ತದೆ. ಊರಿನ ಸ್ವಲ್ಪ ಮೇಲಕ್ಕೆ 1951ರಲ್ಲಿ ಮುಗಿದ ಡೇವಿಸ್ ಅಣೆಕಟ್ಟೆಯಿದೆ. ಜಲಾಶಯದ ಆಳದ ನೀರು, ಬಿಸಿಲು ಕಾಣದ ನೀರು, ಅಲ್ಲಿಂದ ಹೊರಬೀಳುತ್ತದೆ.

ಊರಿಗೆ ಹೆಸರು ಬಂದದ್ದು ಡಾನ್ ಲಾಫ್ಲಿನ್ ಎಂಬಾತನಿಂದ. ಶಾಲೆಯಲ್ಲಿದ್ದಾಗಲೇ ಜೂಜಿನ ಯಂತ್ರಗಳನ್ನು ಕೊಂಡು ಸಂಪಾದನೆಗೆ ಇಳಿದಿದ್ದ ಹುಡುಗ ಈತ. ಯಂತ್ರ ಬಿಡು, ಇಲ್ಲವೇ ಶಾಲೆ ಬಿಡು ಎಂದು ಮುಖ್ಯೋಪಾಧ್ಯಾಯರು ಹೇಳಿದಾಗ ಶಾಲೆಯನ್ನೇ ಬಿಟ್ಟ. 1964ರಲ್ಲಿ ಇಲ್ಲಿ ಬಾಗಿಲು ಮುಚ್ಚಿದ್ದ ಎಂಟು ಕೋಣೆಗಳ ಮೋಟೆಲೊಂದನ್ನು ಕೊಂಡ. ನಾಲ್ಕು ಕೋಣೆಗಳಲ್ಲಿ ಹೆಂಡತಿ ಮಕ್ಕಳೊಂದಿಗೆ ವಾಸ, ಉಳಿದ ನಾಲ್ಕು ಬಾಡಿಗೆಗೆ. ಹನ್ನೆರಡು ಯಂತ್ರ, ಎರಡು ಮೇಜು, 98 ಸೆಂಟಿಗೆ ಹೊಟ್ಟೆತುಂಬ ಕೋಳಿ ಊಟ. ಊಟದಲ್ಲಿ ಆದ ನಷ್ಟವನ್ನು ಯಂತ್ರ ತುಂಬಿಕೊಡುತ್ತದೆ ಎಂಬುದು ಆತನಿಗೆ ಗೊತ್ತಿತ್ತು. ಎದುರು ದಂಡೆಯ ಜನ ಸುಲಭವಾಗಿ ಬರಲೆಂದು ಮುಂದೆ ಸ್ವಂತ ಖರ್ಚಿನಲ್ಲಿ ಸೇತುವೆ ಕಟ್ಟಿಸಿಕೊಟ್ಟ. 2023ರಲ್ಲಿ ತೀರಿಕೊಂಡಾಗ ಆತನಿಗೆ 92 ವರ್ಷ.

ಈ ಊರಿಗೆ ಒಂದು ಡಿಸೆಂಬರಿನಲ್ಲಿ ದಾವಣಗೆರೆ ಕಡೆಯ ಕುಟುಂಬವೊಂದು ಬಂದಿಳಿಯಿತು. ಅಂಚೆ ಕಚೇರಿಯ ಕೌಂಟರಿನಲ್ಲಿ ಮೂವತ್ತನಾಲ್ಕು ವರ್ಷ ಕೂತು ನಿವೃತ್ತರಾದ ಅಜ್ಜ, ಅಜ್ಜಿ, ಫೀನಿಕ್ಸಿನಲ್ಲಿರುವ ಎಂಜಿನಿಯರ್ ಮಗ, ಸೊಸೆ, ಹದಿಮೂರರ ಮೊಮ್ಮಗಳು, ಏಳರ ಮೊಮ್ಮಗ. ಮಗನನ್ನು ಅಕ್ಟೋಬರಿನಲ್ಲಿ ಕಂಪನಿ ಕೆಲಸದಿಂದ ತೆಗೆದಿತ್ತು. ಹೊಸ ಕೆಲಸ ಫೆಬ್ರುವರಿಗೆ. ಅಪ್ಪ ಅಮ್ಮ ಬಂದಾಗ ಎಲ್ಲಿಗೂ ಕರೆದೊಯ್ಯದಿದ್ದರೆ ಹೇಗೆ ಎಂದು, ಎರಡು ರಾತ್ರಿ ಈ ಅಗ್ಗದ ಹೋಟೆಲಿನಲ್ಲಿದ್ದು, ಅಲ್ಲಿಂದ ಗ್ರ್ಯಾಂಡ್ ಕ್ಯಾನ್ಯನ್ ತೋರಿಸುವುದೆಂದು ಗೊತ್ತುಮಾಡಿದ್ದ. ಅದರ ಖರ್ಚಿಗೆಂದು 500 ಡಾಲರ್ ನಗದು ಬೇರೆ ಲಕೋಟೆಯಲ್ಲಿತ್ತು.

ಅಜ್ಜನಿಗೆ ಆ ಕಣಿವೆಯ ಆಸೆ ಹುಟ್ಟಿದ್ದು ಅಂಚೆಚೀಟಿಯಿಂದ. 2000ರಲ್ಲಿ ಅಮೆರಿಕ ಹೊರದೇಶದ ಕಾಗದಗಳಿಗೆಂದು 60 ಸೆಂಟಿನ ಗ್ರ್ಯಾಂಡ್ ಕ್ಯಾನ್ಯನ್ ಚೀಟಿ ಹೊರಡಿಸಿತು. (ಮೊದಲ ಸಲ ಅಚ್ಚಾದಾಗ ಕಣಿವೆ ಕೊಲರಾಡೊ ರಾಜ್ಯದಲ್ಲಿದೆ ಎಂದು ನಮೂದಾಗಿ, ಹತ್ತು ಕೋಟಿ ಚೀಟಿಗಳನ್ನು ನಾಶಮಾಡಬೇಕಾಯಿತು. ಅಂಚೆಯವರಿಗೂ ವಿಳಾಸ ತಪ್ಪುತ್ತದೆ!) ಅಮೆರಿಕದಿಂದ ಬರುತ್ತಿದ್ದ ಲಕೋಟೆಗಳ ಮೇಲೆ ಆ ಕೆಂಪು ಬಂಡೆಗಳನ್ನು ಅವರು ಅನೇಕ ಸಲ ಕಂಡಿದ್ದರು.

ಹೋಟೆಲಿನ ಕೋಣೆ ನಿಜಕ್ಕೂ ಅಗ್ಗವಾಗಿತ್ತು. ವಾರದ ನಡುವಿನ ದಿನವಾದ್ದರಿಂದ ಎರಡು ಕೋಣೆಗಳ ಬಾಡಿಗೆ ಫೀನಿಕ್ಸಿನ ಒಂದು ಹೊತ್ತಿನ ಹೋಟೆಲ್ ಊಟಕ್ಕಿಂತ ಕಡಿಮೆ. ಎರಡು ಮಂಚ, ಒಂದು ಟೀವಿ, ಕಿಟಕಿಯಲ್ಲಿ ನದಿ. ಸೊಸೆ ತಂದಿದ್ದ ಕುಕ್ಕರಿನಲ್ಲಿ ಅನ್ನ ಬೆಂದಿತು. ಚಟ್ನಿಪುಡಿ, ಮೊಸರು, ಒಗ್ಗರಣೆ ಹಾಕಿದ ಮಂಡಕ್ಕಿಯ ಡಬ್ಬಿ ಇದ್ದೇ ಇತ್ತು.

ಆದರೆ ಕೋಣೆಯಿಂದ ನದಿಗೆ ಹೋಗಬೇಕಾದರೂ ಕ್ಯಾಸಿನೊ ಹಾಯ್ದೇ ಹೋಗಬೇಕು. ಇಂಥ ಹೋಟೆಲುಗಳ ನಕ್ಷೆಯೇ ಹಾಗೆ. ಸಿಗರೇಟಿನ ಹೊಗೆ, ಯಂತ್ರಗಳ ಕಿಣಿಕಿಣಿ. ಇಪ್ಪತ್ತೊಂದು ತುಂಬದವರು ದಾಟಿಕೊಂಡು ಹೋಗಬಹುದು, ನಿಲ್ಲುವಂತಿಲ್ಲ. ಮೊಮ್ಮಗಳು ಒಂದು ಯಂತ್ರದ ಮುಂದೆ ಅರೆ ನಿಮಿಷ ನಿಂತದ್ದೇ ತಡ, ಕಾವಲಿನವನು ಬಂದು ಮುಂದೆ ನಡೆಯುವಂತೆ ವಿನಯದಿಂದಲೇ ಹೇಳಿದ.

ಗೋಡೆಯ ಮೇಲೆ ಎಲ್ಲೂ ಗಡಿಯಾರವಿರಲಿಲ್ಲ. ಈ ಊರಿನಲ್ಲಿ ಗಡಿಯಾರ ಇದ್ದರೂ ಗೊಂದಲವೇ. ಅರಿಝೋನಾ ಬಹುಮಟ್ಟಿಗೆ ವರ್ಷವಿಡೀ ಒಂದೇ ಕಾಲಮಾನ ಇಟ್ಟುಕೊಳ್ಳುತ್ತದೆ, ನೆವಾಡಾ ಬೇಸಿಗೆಯಲ್ಲಿ ಮುಳ್ಳನ್ನು ಒಂದು ಗಂಟೆ ಮುಂದೂಡುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಎರಡೂ ದಂಡೆಗೆ ಒಂದೇ ಸಮಯ. ಚಳಿಗಾಲದಲ್ಲಿ ಎದುರು ದಂಡೆ ಒಂದು ಗಂಟೆ ಮುಂದೆ. ಫೋನು ಯಾವ ದಂಡೆಯ ಗೋಪುರವನ್ನು ಹಿಡಿಯುತ್ತದೋ ಆ ಸಮಯ ತೋರಿಸುತ್ತದೆ. ಮೊಮ್ಮಗನಿಗೆ ಅದೇ ಎರಡು ದಿನದ ಆಟವಾಯಿತು.

ಎರಡನೆಯ ರಾತ್ರಿ ನಾಲ್ಕು ಗಂಟೆಗೆ ಅಜ್ಜನಿಗೆ ಎಚ್ಚರವಾಯಿತು. ಕಾಫಿ ಸಿಗುವುದೇನೋ ಎಂದು ಕೆಳಗಿಳಿದರೆ, ನದಿಯ ಪಕ್ಕದ ಬೆಂಚಿನ ಮೇಲೆ ಮಗ ಸ್ವೆಟರಿಲ್ಲದೆ ಕೂತಿದ್ದ. ಅಜ್ಜ ಪಕ್ಕದಲ್ಲಿ ಕೂತರು.

"ಎಷ್ಟು ಹೋತು?"

"ಐನೂರು, ಅಪ್ಪ."

ಕೌಂಟರಿನಲ್ಲಿ ಕೂತವರಿಗೆ ಕಡಿಮೆ ಬಿದ್ದ ಹಣದ ಮುಖ ಬೇಗ ಗುರುತಾಗುತ್ತದೆ. ಸಂಜೆ ಲೆಕ್ಕ ತಾಳೆಯಾಗದಿದ್ದರೆ ಸ್ವಂತ ಜೇಬಿನಿಂದ ಕಟ್ಟಿದವರು ಅವರು. ಒಂದಂಕಿ ಲಾಟರಿಯ ಹಾವಳಿಯ ಕಾಲದಲ್ಲಿ ಅವರ ಕಚೇರಿಯ ಪೋಸ್ಟ್‌ಮನ್ ಒಬ್ಬ ಮುದುಕಿಯರ ಮನಿಯಾರ್ಡರ್ ಹಣವನ್ನೇ ಅದಕ್ಕೆ ಸುರಿದು ಕೆಲಸ ಕಳೆದುಕೊಂಡಿದ್ದ. ಕರ್ನಾಟಕದಲ್ಲಿ ಲಾಟರಿ ನಿಂತದ್ದು 2007ರಲ್ಲಿ. ಅಷ್ಟರಲ್ಲಿ ಅಂಥ ಎಷ್ಟೋ ಮನೆ ಮುಳುಗಿದ್ದವು. ಆ ಕಥೆ ಮಗನಿಗೂ ಗೊತ್ತಿತ್ತು. ಅಜ್ಜ ಅದನ್ನು ಎತ್ತಲಿಲ್ಲ. "ಲೆಕ್ಕ ಹೇಳು" ಎಂದರಷ್ಟೆ.

ಲೆಕ್ಕ ಹೀಗಿತ್ತು. ರೂಲೆಟ್ ಚಕ್ರದಲ್ಲಿ ಕೆಂಪಿನ ಮೇಲೆ 10 ಡಾಲರ್ ಇಡುವುದು. ಸೋತರೆ 20, ಮತ್ತೆ ಸೋತರೆ 40. ಹೀಗೆ ದುಪ್ಪಟ್ಟು ಮಾಡುತ್ತ ಹೋದರೆ ಯಾವಾಗ ಗೆದ್ದರೂ ಹಿಂದಿನದೆಲ್ಲ ವಾಪಸು ಬಂದು 10 ಡಾಲರ್ ಲಾಭ. ಹದಿಮೂರು ಸಲ ಹಾಗೆಯೇ ಆಗಿ ಐನೂರು ಆರುನೂರ ಮೂವತ್ತಾಯಿತು. ಹದಿನಾಲ್ಕನೆಯ ಸಲ ಕಪ್ಪು, ಕಪ್ಪು, ಹಸಿರು, ಕಪ್ಪು, ಕಪ್ಪು, ಕಪ್ಪು. 10, 20, 40, 80, 160, 320. ಒಟ್ಟು 630.

"ಏಳನೇದಕ್ಕೆ 640 ಬೇಕಿತ್ತು," ಎಂದರು ಅಜ್ಜ. "ಇದ್ದಿದ್ರೆ ಅದನ್ನೂ ಇಡ್ತಿದ್ದಿ." ಮಗ ಇಲ್ಲವೆನ್ನಲಿಲ್ಲ.

ಚಕ್ರದಲ್ಲಿ ಯಾವ ಮೋಸವೂ ಇರಬೇಕಿಲ್ಲ. ಅಮೆರಿಕದ ರೂಲೆಟ್ಟಿನಲ್ಲಿ ಮನೆ 38: ಕೆಂಪು 18, ಕಪ್ಪು 18, ಹಸಿರು 2. ಆ ಎರಡು ಹಸಿರು ಮನೆಗಳೇ ಹೋಟೆಲಿನ ಯಜಮಾನರು. ಇಟ್ಟ ಪ್ರತಿ ನೂರು ಡಾಲರಿಗೆ ಸರಾಸರಿ 5 ಡಾಲರ್ 26 ಸೆಂಟ್ ಅವರದು. ಸತತ ಆರು ಸಲ ಕೆಂಪು ಬಾರದಿರುವ ಸಂಭವ 47ಕ್ಕೆ ಒಂದು. ದೂರದ ಮಾತೆನಿಸುತ್ತದೆ, ಆದರೆ ಗಂಟೆಗೆ ನಲವತ್ತು ಸಲ ಚಕ್ರ ತಿರುಗುವುದಾದರೆ, ಸರಾಸರಿ ಎರಡೂವರೆ ಗಂಟೆಗೊಮ್ಮೆ ಆ ಸರದಿ ಬಂದೇ ಬರುತ್ತದೆ. ಬೇಕಾದಷ್ಟು ಹಣವಿದ್ದವನನ್ನೂ ಮೇಜಿನ ಗರಿಷ್ಠ ಮಿತಿ ತಡೆಯುತ್ತದೆ. ಯಂತ್ರಗಳ ಲೆಕ್ಕ ಇನ್ನೂ ಬಿಗಿ. ಹಾಕಿದ್ದರಲ್ಲಿ ಕನಿಷ್ಠ ನೂರಕ್ಕೆ 75ರಷ್ಟಾದರೂ ಯಂತ್ರ ಹಿಂದಿರುಗಿಸುವಂತಿರಬೇಕು ಎಂಬುದು ನೆವಾಡಾದ ನಿಯಮ. ಉಳಿದುದರಲ್ಲಿ ಕೋಣೆಯ ಬಾಡಿಗೆ ಇಳಿಸಲಾಗುತ್ತದೆ. ಆಡದೆ ಮಲಗಿ ಎದ್ದು ಹೋಗುವ ಸಂಸಾರಕ್ಕೆ ಲಾಫ್ಲಿನ್ನಿನಷ್ಟು ಸೋವಿ ಊರು ಇಲ್ಲ; ಆ ಸೋವಿಯನ್ನು ಕಟ್ಟುವವರು ಪಕ್ಕದ ಕೋಣೆಯವರು.

ಬೆಳಿಗ್ಗೆ ಮಗನೇ ಹೆಂಡತಿಗೆ ಹೇಳಿದ. ಆಕೆ ಕುಕ್ಕರು ತೊಳೆಯುವುದನ್ನು ನಿಲ್ಲಿಸಲಿಲ್ಲ. "ಕೇಳಿದ್ರೆ ನಾನೇ ಕೊಡ್ತಿರಲಿಲ್ಲ ಅಂತ ಗೊತ್ತಿತ್ತಲ್ಲ," ಎಂದಳು. ಕ್ರೆಡಿಟ್ ಕಾರ್ಡಿನಲ್ಲಾದರೂ ಕಣಿವೆಗೆ ಹೋಗಿಬರೋಣವೆಂದು ಮಗ ಅಂದ. ಅಜ್ಜ ಒಪ್ಪಲಿಲ್ಲ. "ಸಾಲ ಮಾಡಿ ನೋಡೋದು ಬ್ಯಾಡ." ನಾಲ್ಕು ದಿನ ಕಳೆದರೆ ಅವರ ವಾಪಸಿನ ವಿಮಾನ. ಎಪ್ಪತ್ತೈದರ ಮಂಡಿನೋವಿನಲ್ಲಿ ಮತ್ತೊಮ್ಮೆ ಬರುವ ಮಾತು ಯಾರೂ ಆಡಲಿಲ್ಲ.

ಸೇತುವೆ ದಾಟುತ್ತಲೇ ಫೋನಿನಲ್ಲಿ ಹತ್ತು ಗಂಟೆ ಹನ್ನೊಂದಾಯಿತು. ಹಳೆಯ 66ನೇ ಹೆದ್ದಾರಿ ಹಿಡಿದು ಓಟ್‌ಮನ್ ಎಂಬ ಚಿನ್ನದ ಗಣಿಯೂರಿಗೆ ಹೋದರು. ಗಣಿಯವರು ಬಿಟ್ಟುಹೋದ ಕತ್ತೆಗಳ ಸಂತತಿ ಅಲ್ಲಿಯ ಬೀದಿಯಲ್ಲಿ ಯಜಮಾನರಂತೆ ಅಡ್ಡಾಡುತ್ತದೆ. ಒಂದು ಕತ್ತೆ ಕಾರಿನ ಕಿಟಕಿಗೆ ಮೂತಿ ತಾಗಿಸಿ ನಿಂತಾಗ ಮಕ್ಕಳು ನಕ್ಕರು, ಸೊಸೆಯೂ ನಕ್ಕಳು.

ಕಿಂಗ್‌ಮನ್ ದಾಟಿದ ಮೇಲೆ ದಾರಿ ಕವಲೊಡೆಯುತ್ತದೆ. ನೇರ ಹೋದರೆ ಗ್ರ್ಯಾಂಡ್ ಕ್ಯಾನ್ಯನ್ ಕಡೆ, ಬಲಕ್ಕೆ ಫೀನಿಕ್ಸ್. ಮಗ ವೇಗ ತಗ್ಗಿಸಿ ಕನ್ನಡಿಯಲ್ಲಿ ಅಪ್ಪನ ಮುಖ ನೋಡಿದ. ಅವರು ಹೊರಗೆ ನೋಡುತ್ತಿದ್ದರು. ಕಾರು ಬಲಕ್ಕೆ ತಿರುಗಿತು. ಅಜ್ಜಿ ಮಂಡಕ್ಕಿ ಡಬ್ಬಿ ತೆಗೆದು, ಮೊದಲ ಹಿಡಿಯನ್ನು ಮಗನ ಕೈಗೆ ಹಾಕಿದರು.