ಕೋವಿಗೊಂದು ಕನ್ನಡಕ

ಗುರುವಾಯನಕೆರೆಯ ಯಜಮಾನರಿಗೆ ಅರುವತ್ತನಾಲ್ಕು ತುಂಬಿದ ವರ್ಷ ಅವರ ಕೋವಿಗೆ ಕಣ್ಣು ಮಂದವಾಯಿತು. ಹಾಗೆಂದು ಅವರೇ ಹೇಳುತ್ತಿದ್ದರು. ತಮ್ಮ ಕಣ್ಣಿಗೇ ಏನೋ ಆಗಿದೆಯೆಂದು ಒಪ್ಪಿಕೊಳ್ಳುವುದು ಆ ಮನೆತನದ ಪದ್ಧತಿಯಲ್ಲ. ಅವರ ತೀರ್ಥರೂಪರು ಎಂಬತ್ತರ ಪ್ರಾಯದಲ್ಲಿಯೂ ಕನ್ನಡಕವಿಲ್ಲದೆ ಪಂಚಾಂಗ ಓದುತ್ತಿದ್ದರೆಂದು ಪ್ರತೀತಿ. ಓದುತ್ತಿದ್ದರೋ ಬಾಯಿಪಾಠ ಒಪ್ಪಿಸುತ್ತಿದ್ದರೋ, ಪರೀಕ್ಷಿಸಿ ನೋಡಿದವರಿಲ್ಲ.

ಬೆಳ್ತಂಗಡಿಯಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಿಂದ ವೇಣೂರು, ಮೂಡುಬಿದಿರೆಗಳ ಕಡೆಗೆ ರಸ್ತೆ ಕವಲೊಡೆಯುವಲ್ಲಿ ಗುರುವಾಯನಕೆರೆ ಇದೆ. ಊರಿಗೆ ಹೆಸರು ಕೊಟ್ಟ ಕೆರೆಯೂ ಅಲ್ಲಿಯೇ ಇದೆ. ಯಜಮಾನರ ಮನೆಯ ಉಪ್ಪರಿಗೆಯಿಂದ ಆ ಕೆರೆಯ ಒಂದು ಮೂಲೆ ಕಾಣುತ್ತದೆ. ಮನೆಯ ಕೆಳಗೆ ಅಡಿಕೆತೋಟ, ತೋಟದಾಚೆ ಗುಡ್ಡ, ಗುಡ್ಡದಾಚೆ ಕಾಡು. ಕಾಡಿನಿಂದ ಹಂದಿಗಳು ಬರುತ್ತವೆ. ಅಡಿಕೆಸಸಿಯ ಬುಡವನ್ನು ಉತ್ತಂತೆ ಮಗುಚಿ, ಬಾಳೆಯ ಗೆಡ್ಡೆಯನ್ನು ಜಗಿದು, ಕೆಸುವಿನ ಪಾತಿಯನ್ನು ನೆಲಸಮ ಮಾಡಿ ಬೆಳಗಾಗುವ ಮುನ್ನ ಹೊರಟುಹೋಗುತ್ತವೆ. ಈ ಸುದ್ದಿಯನ್ನು ದಿನವೂ ಮೊದಲು ತರುವವಳು ಅಡಿಕೆ ಹೆಕ್ಕುವ ಮುದುಕಿ. ಯಜಮಾನರ ತಾಯಿಯ ಕಾಲದಿಂದ ತೋಟಕ್ಕೆ ಬರುತ್ತಿರುವವಳು. ಯಜಮಾನರನ್ನು ಸೊಂಟದ ಮೇಲೆ ಹೊತ್ತು ಕೆರೆಯ ದಂಡೆಯಲ್ಲಿ ತಿರುಗಾಡಿಸಿದವಳು. ಈಗಲೂ ಅವರನ್ನು ಏಕಕಾಲದಲ್ಲಿ 'ಧಣಿ' ಎಂದು ಕರೆಯುವ ಮತ್ತು ಗದರಿಸುವ ಅಧಿಕಾರ ಅವಳೊಬ್ಬಳಿಗೇ ಉಂಟು.

“ನಿಮ್ಮ ಅಪ್ಪ ಇದ್ದಿದ್ದರೆ ಹಂದಿ ಈ ಕಡೆ ಮೂತಿ ಹಾಕುತ್ತಿತ್ತಾ ಧಣಿ?” ಎಂದು ಅವಳು ಅಂಗಳದಲ್ಲಿ ನಿಂತು ಕೇಳಿದಾಗಲೆಲ್ಲ ಯಜಮಾನರು ಗೋಡೆಯತ್ತ ನೋಡುವರು. ಗೋಡೆಯ ಕಪಾಟಿನಲ್ಲಿ ತಂದೆಯವರ .315 ರೈಫಲ್ಲು.

ತಂದೆಯವರ ಕಾಲ ಬೇರೆ, ಈ ಕಾಲ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಮನಬಂದಾಗ ಕೋವಿ ಹೆಗಲಿಗೇರಿಸಿ ಗುಡ್ಡ ಹತ್ತುವ ದಿನಗಳು ಮುಗಿದವು. ಹಂದಿಗೂ ಆ ಕಾಯಿದೆಯ ರಕ್ಷಣೆಯಿದೆ. ಬೆಳೆಯನ್ನು ಹಾಳುಮಾಡುವ ಹಂದಿಯೇ ಆದರೂ 11ನೆಯ ಕಲಮಿನ ಮೇರೆಗೆ ಅಧಿಕಾರವುಳ್ಳ ಅರಣ್ಯಾಧಿಕಾರಿ ಕಾರಣಸಹಿತ ಲಿಖಿತ ಅನುಮತಿ ಕೊಟ್ಟರೆ ಮಾತ್ರ ಹೊಡೆಯಬಹುದು. ಯಜಮಾನರು ಕಾನೂನಿಗೆ ಅಂಜುವ ಜನ. ಅರ್ಜಿ ಬರೆದರು, ಅಲೆದರು, 2022ರ ಮಳೆಗಾಲ ಕಳೆಯುವಷ್ಟರಲ್ಲಿ ಕಾಗದವನ್ನು ಪಡೆದರು. ಕಾಗದ ಕೈಗೆ ಬಂದ ಮೇಲೆ ಕೋವಿಯನ್ನು ಕೆಳಗಿಳಿಸಿ ಕೆನ್ನೆಗೊತ್ತಿ ನೋಡಿದರು. ಆಗ ತಿಳಿಯಿತು, ಕೋವಿಗೆ ಕಣ್ಣು ಮಂದವಾಗಿದೆ.

ಕಬ್ಬಿಣದ ಗುರಿಯಲ್ಲಿ ಮೂರು ವಸ್ತುಗಳನ್ನು ಒಂದೇ ಗೆರೆಗೆ ತರಬೇಕು: ಕಣ್ಣಿನ ಹತ್ತಿರದ ಸೀಳು, ನಳಿಗೆಯ ತುದಿಯ ಮೊಳೆ, ದೂರದ ಪ್ರಾಣಿ. ಎಳೆಯ ಕಣ್ಣು ಈ ಮೂರರ ನಡುವೆ ಮಿಂಚಿನಂತೆ ಓಡಾಡಿ ಮೂರೂ ಒಟ್ಟಿಗೆ ಕಂಡವೆಂಬ ಭ್ರಮೆ ಹುಟ್ಟಿಸುತ್ತದೆ. ನಲವತ್ತೈದು ಕಳೆದ ಮೇಲೆ ಕಣ್ಣಿನ ಮಸೂರ ಬಿರುಸಾಗಿ ಆ ಓಟ ನಿಲ್ಲುತ್ತದೆ. ಯಜಮಾನರು ಓದುವ ಕನ್ನಡಕ ಹಾಕಿದರೆ ಮೊಳೆ ಸ್ಪಷ್ಟ, ಬಾಳೆಗಿಡ ಮಾಯ. ತೆಗೆದರೆ ಬಾಳೆಗಿಡ ಸ್ಪಷ್ಟ, ಮೊಳೆಯಿದ್ದಲ್ಲಿ ಒಂದು ಹತ್ತಿಯ ಉಂಡೆ. ಎರಡು ಬಗೆಯ ಗಾಜಿರುವ ಕನ್ನಡಕವನ್ನೂ ಮಾಡಿಸಿದರು. ಅದರಲ್ಲಿ ಮೊಳೆಯನ್ನು ಕಾಣಬೇಕಾದರೆ ಗದ್ದವನ್ನು ಆಕಾಶಕ್ಕೆತ್ತಬೇಕು. ಗದ್ದವೆತ್ತಿಕೊಂಡು ಹಂದಿಗೆ ಗುರಿಯಿಟ್ಟವರನ್ನು ಯಾವ ಪುರಾಣವೂ ವರ್ಣಿಸಿಲ್ಲ.

ಇದಕ್ಕೆ ಪರಿಹಾರವಾಗಿ ಹುಟ್ಟಿದ್ದೇ ಕೋವಿಯ ಮೇಲೆ ಕೂರಿಸುವ ದುರ್ಬೀನು. 1880ರ ಸುಮಾರಿಗೆ ಆಸ್ಟ್ರಿಯಾದ ಆಗಸ್ಟ್ ಫೀಡ್ಲರ್ ಎಂಬ ಅರಣ್ಯಾಧಿಕಾರಿ ಬಳಕೆಗೆ ಯೋಗ್ಯವಾದಂಥದನ್ನು ಮೊದಲಾಗಿ ರೂಪಿಸಿದನೆನ್ನುತ್ತಾರೆ. ಅದರ ನಿಜವಾದ ಉಪಕಾರ ದೂರದ್ದನ್ನು ಹತ್ತಿರ ತೋರಿಸುವುದರಲ್ಲಿಲ್ಲ. ಗುರಿಯ ಗೆರೆಯನ್ನೂ ಪ್ರಾಣಿಯನ್ನೂ ಒಂದೇ ಚಿತ್ರಪಟದ ಮೇಲೆ ತಂದಿಡುವುದರಲ್ಲಿದೆ. ಮೂರನ್ನು ನೋಡಬೇಕಾದ ಕಣ್ಣಿಗೆ ಒಂದನ್ನು ನೋಡಿದರೆ ಸಾಕು. ಮುದಿಗಣ್ಣಿಗೆ ಇದಕ್ಕಿಂತ ದೊಡ್ಡ ದಾನವಿಲ್ಲ.

ಆದರೆ ಯಾವ ದುರ್ಬೀನು?

ಬೆಂಗಳೂರಿನಲ್ಲಿರುವ ಅಳಿಯನ ಅಭಿಪ್ರಾಯ ಇಪ್ಪತ್ತನಾಲ್ಕು ಪಟ್ಟಿನದು. “ಮಾವ, ಒಂದು ಕಿಲೋಮೀಟರು ದೂರದ ಇರುವೆಯೂ ಕಾಣುತ್ತದೆ!” ಎಂದು ಅವನು ಫೋನಿನಲ್ಲಿ ಉತ್ಸಾಹದಿಂದ ಹೇಳಿದ. “ಇರುವೆಗೆ ಅನುಮತಿ ಸಿಕ್ಕಿಲ್ಲ ಮಾರಾಯ” ಎಂದರು ಯಜಮಾನರು. ಮಂಗಳೂರಿನ ಕೋವಿಯಂಗಡಿಯವರು ಮೂರರಿಂದ ಒಂಬತ್ತು ಪಟ್ಟಿನವರೆಗೆ ತಿರುಗಿಸಬಲ್ಲದ್ದನ್ನು ಮೇಜಿನ ಮೇಲಿಟ್ಟು, ಎಲ್ಲರೂ ಇದನ್ನೇ ಒಯ್ಯುತ್ತಾರೆ ಎಂದರು. ಎಲ್ಲರೂ ಒಯ್ಯುತ್ತಾರೆಂಬ ಮಾತಿಗೆ ಸೀರೆಯಂಗಡಿಯಲ್ಲಿ ಇರುವ ಬೆಲೆಯೇ ಇಲ್ಲಿಯೂ ಇದೆ.

ಕೊನೆಗೆ ಬುದ್ಧಿ ಹೇಳಿದವರು ಕೊಡಗಿನ ಒಬ್ಬ ಹಳೆಯ ಸ್ನೇಹಿತರು. ಅವರ ಬಲಹುಬ್ಬಿನ ಮೇಲೆ ಬಿದಿಗೆಯ ಚಂದ್ರನಂಥ ಗಾಯದ ಗುರುತೊಂದಿದೆ. ಅದು ಹಂದಿಯ ಕೋರೆಯಿಂದಾದುದೆಂದು ಯಜಮಾನರು ಮೂವತ್ತು ವರ್ಷ ನಂಬಿಕೊಂಡಿದ್ದರು. “ಹಂದಿಯೂ ಅಲ್ಲ, ಮಣ್ಣೂ ಅಲ್ಲ. ದುರ್ಬೀನಿಗೆ ಕಣ್ಣು ಹತ್ತಿರ ಇಟ್ಟು ಈಡು ಹಾರಿಸಿದೆ. ಕೋವಿ ಹಿಂದಕ್ಕೆ ಒದ್ದಿತು” ಎಂದು ಅವರು ಆ ದಿನ ಒಪ್ಪಿಕೊಂಡರು. ಆದುದರಿಂದ ಮೊದಲು ಅಳೆಯಬೇಕಾದುದು ಕಣ್ಣಿಗೂ ಗಾಜಿಗೂ ನಡುವೆ ಬಿಡಬೇಕಾದ ಅಂತರ; ಕಡಿಮೆಯೆಂದರೂ ಮೂರೂವರೆ ಅಂಗುಲವಿರಲಿ ಎಂದರು.

ಎರಡನೆಯದು ಪಟ್ಟಿನ ಲೆಕ್ಕ. ಅಡಿಕೆತೋಟದಲ್ಲಿ ಹಂದಿ ಕಾಣುವುದು ಮೂವತ್ತು ನಲವತ್ತು ಗಜದಲ್ಲಿ. ಅದಕ್ಕಿಂತ ದೂರ ನೋಡಲು ಮರಗಳು ಬಿಡುವುದಿಲ್ಲ. ನಾಲ್ಕು ಪಟ್ಟಿನ ದುರ್ಬೀನಿನಲ್ಲಿ ಮೂವತ್ತು ಗಜದಾಚೆ ಸುಮಾರು ಮೂರು ಗಜದಗಲದ ನೋಟ ಸಿಗುತ್ತದೆ. ಒಂಬತ್ತು ಪಟ್ಟಿಗೆ ತಿರುಗಿಸಿದರೆ ಒಂದು ಗಜಕ್ಕಿಂತ ತುಸು ಹೆಚ್ಚು, ಅಷ್ಟೆ. ಹಂದಿಯ ಬೆನ್ನಿನ ರೋಮವನ್ನು ಎಣಿಸಬಹುದು. ಅದರ ತಲೆ ಯಾವ ಕಡೆಗಿದೆಯೆಂದು ತಿಳಿಯದು.

ಮೂರನೆಯದು ಬೆಳಕು. ಹಂದಿಗಳು ಮಧ್ಯಾಹ್ನ ಬರುವುದಿಲ್ಲ. ಮುಂದಿನ ಗಾಜಿನ ವ್ಯಾಸವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬಂದು ಬೀಳುವ ಬೆಳಕಿನ ಬಿಲ್ಲೆಯ ಅಳತೆ ದೊರೆಯುತ್ತದೆ. 32 ಮಿಲಿಮೀಟರನ್ನು ನಾಲ್ಕರಿಂದ ಭಾಗಿಸಿದರೆ ಎಂಟು. 40ನ್ನು ಒಂಬತ್ತರಿಂದ ಭಾಗಿಸಿದರೆ ನಾಲ್ಕೂವರೆಗೂ ಕಡಿಮೆ. ಎಳೆಯರ ಕಣ್ಣಿನ ಪಾಪೆ ಕತ್ತಲೆಯಲ್ಲಿ ಏಳು ಮಿಲಿಮೀಟರಿನವರೆಗೆ ಅರಳುತ್ತದೆ. ಅರುವತ್ತು ದಾಟಿದವರದು ಐದು ಅರಳಿದರೆ ಪುಣ್ಯ. ಆದರೂ ಬಿಲ್ಲೆ ದೊಡ್ಡದಿದ್ದಷ್ಟೂ ತಲೆ ತುಸು ಅತ್ತಿತ್ತ ಆದರೂ ನೋಟ ಕಪ್ಪಾಗುವುದಿಲ್ಲ. ಹಂದಿಯನ್ನು ಕಂಡು ಎದೆ ಹೊಡೆದುಕೊಳ್ಳುವ ಹೊತ್ತಿನಲ್ಲಿ ತಲೆಯನ್ನು ನೆಟ್ಟಗಿಟ್ಟುಕೊಳ್ಳುವ ಯೋಗಿಗಳು ಎಷ್ಟು ಮಂದಿ?

ಇನ್ನು ಮಳೆ. ವರ್ಷಕ್ಕೆ 4,000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಬೆಳ್ತಂಗಡಿ ಸೀಮೆಯಲ್ಲಿ ಆಟಿ ತಿಂಗಳು ಬಂತೆಂದರೆ ಚಪ್ಪಲಿಗೂ ಬೂಷ್ಟು, ಪುಸ್ತಕಕ್ಕೂ ಬೂಷ್ಟು. ಗಾಜಿನೊಳಗೆ ಅದು ಬೇರು ಬಿಟ್ಟರೆ ಜೇಡರ ಬಲೆಯೊಳಗಿನಿಂದ ಲೋಕವನ್ನು ನೋಡಿದಂತಾಗುತ್ತದೆ. ಎರಡನೆಯ ಮಹಾಯುದ್ಧದ ಬಳಿಕ ಅಮೆರಿಕದ ಲ್ಯೂಪೋಲ್ಡ್ ಕಂಪೆನಿಯವರು ಕೊಳವೆಯೊಳಗೆ ಒಣ ನೈಟ್ರೋಜನ್ ತುಂಬಿ ಮುದ್ರೆ ಮಾಡತೊಡಗಿದರು. ಒಳಗೆ ಮಂಜು ಕಟ್ಟದಿರಲೆಂದು. ಆ ಬಗೆಯ ಮುದ್ರೆಯಿಲ್ಲದ ದುರ್ಬೀನು ನಮ್ಮ ಕರಾವಳಿಯಲ್ಲಿ ಎರಡು ಮಳೆಗಾಲ ಬಾಳಿದರೆ ಹೆಚ್ಚು. ಯಜಮಾನರು ಬೆಲೆಯಲ್ಲಿ ಚೌಕಾಸಿ ಮಾಡಿದ್ದು ಎಲ್ಲದರಲ್ಲೂ, ಇದೊಂದರಲ್ಲಿ ಮಾಡಲಿಲ್ಲ.

ಅಂತೂ ನಾಲ್ಕು ಪಟ್ಟಿನ, 32 ಮಿಲಿಮೀಟರಿನ, ಯಾವ ತಿರುಪೂ ಇಲ್ಲದ ಸಾದಾ ದುರ್ಬೀನು ಮನೆಗೆ ಬಂತು. ಅದನ್ನು ಕೂರಿಸಲು ತಂದೆಯವರ ಕೋವಿಗೆ ತೂತು ಕೊರೆಯಬೇಕೆಂದು ಪರವಾನಗಿಯುಳ್ಳ ದುರಸ್ತಿಯವರು ಹೇಳಿದಾಗ ಮಾತ್ರ ಯಜಮಾನರ ಮುಖ ಬಾಡಿತು. ಬೆಂಗಳೂರಿನ ಕೆನೆತ್ ಆಂಡರ್ಸನ್ ತಮ್ಮ .405 ವಿಂಚೆಸ್ಟರಿಗೆ ಒಂದು ಟಾರ್ಚು ಬಿಗಿದುಕೊಂಡು ನರಭಕ್ಷಕಗಳಿಗಾಗಿ ರಾತ್ರಿಯೆಲ್ಲ ಮರದ ಮೇಲೆ ಕುಳಿತವರು. ಅವರ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿಯವರ ಕನ್ನಡದಲ್ಲಿ ಯಜಮಾನರು ಎಷ್ಟೋ ಸಲ ಓದಿದ್ದರು. ಹುಲಿಗೆ ಸಾಕಾದುದು ಹಂದಿಗೆ ಸಾಲದೇ ಎಂಬ ಪ್ರಶ್ನೆ ಎದ್ದಿತು. ಆದರೆ ಮೊಳೆಯಿದ್ದಲ್ಲಿ ಹತ್ತಿಯ ಉಂಡೆ. ತೂತು ಬಿತ್ತು. ಗುರಿ ಮೈದಾನದಲ್ಲಿ ಎಂಟು ತೋಟೆ ಖರ್ಚು ಮಾಡಿ ಗೆರೆಯನ್ನು ಹೊಂದಿಸಿದರು. ಕೊನೆಯ ಮೂರು ಈಡುಗಳನ್ನು ಒಂದು ವೀಳ್ಯದೆಲೆಯಿಂದ ಮುಚ್ಚಬಹುದಾಗಿತ್ತು. ಯಜಮಾನರು ಆ ಕಾಗದವನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು ತಂದರು. ಯಾರಿಗೂ ತೋರಿಸಲಿಲ್ಲ, ಆದರೆ ಎಲ್ಲರೂ ನೋಡುವಂತೆ ಮೇಜಿನ ಮೇಲೆ ಬಿಟ್ಟರು.

2023ರ ಜನವರಿಯ ಒಂದು ಮುಂಜಾವು. ತೋಟದಲ್ಲಿ ಮಂಜು ಮೊಣಕಾಲುದ್ದಕ್ಕೆ ನಿಂತಿತ್ತು. ಯಜಮಾನರು ಕಣಿಯ ಬದಿಯ ಕಲ್ಲಿನ ಮೇಲೆ ಐದು ಗಂಟೆಯಿಂದ ಕುಳಿತಿದ್ದರು. ತುಸು ಬೆಳಕು ಹರಿಯುತ್ತಿರುವಂತೆ ಬಾಳೆಯ ಸಾಲಿನ ಕೆಳಗೆ ಒಣಗಿದ ಸೋಗೆ ಸದ್ದು ಮಾಡಿತು. ಕಪ್ಪಗೆ, ಗಿಡ್ಡಗೆ, ನೆಲಕ್ಕೆ ಮೂತಿಯಿಟ್ಟಂತೆ ಏನೋ ಮುಂದೆ ಸರಿಯಿತು, ನಿಂತಿತು, ಮತ್ತೆ ಸರಿಯಿತು. ಹಂದಿಯ ನಡೆಯೇ.

ಏನೆಂದು ಸರಿಯಾಗಿ ನೋಡಬೇಕೆಂದು ಯಜಮಾನರು ಕೋವಿಯನ್ನೆತ್ತಿದರು. ಹೊಡೆಯಬೇಕೆಂದಲ್ಲ, ನೋಡಬೇಕೆಂದು. ನೋಡುವ ಗಾಜು ಕೋವಿಯ ಮೇಲಿತ್ತು.

ಗಾಜಿನೊಳಗೆ ಮೊದಲು ಅಡಿಕೆ ಹಾಳೆಯ ಮುಟ್ಟಾಳೆ ಕಂಡಿತು. ಅದರ ಕೆಳಗೆ ಕಪ್ಪು ಕಂಬಳಿ ಹೊದ್ದ ಬೆನ್ನು. ಆಮೇಲೆ ಅದು ಈ ಕಡೆಗೆ ತಿರುಗಿತು. ನಾಲ್ಕು ಪಟ್ಟು ಹತ್ತಿರದಲ್ಲಿ, ಮಂಜಿನ ನಡುವೆಯೂ ಸ್ವಚ್ಛವಾಗಿ, ಮೂಗುಬೊಟ್ಟಿನ ಕೆಂಪು ಕಲ್ಲು. ಎರಡು ಗೆರೆಗಳು ಕೂಡುವಲ್ಲಿ, ನಡುಹಣೆಯಲ್ಲಿ, ಒಂದು ಕುಂಕುಮದ ಬೊಟ್ಟು.

ಕೋವಿ ಕೆಳಗಿಳಿಯಿತು. ಎಷ್ಟು ಹೊತ್ತು ಮೇಲಿತ್ತೆಂದು ಯಜಮಾನರಿಗೆ ಆಮೇಲೆ ನೆನಪಾಗಲಿಲ್ಲ. ಬೆರಳು ಎಲ್ಲಿತ್ತೆಂಬುದೂ ನೆನಪಾಗಲಿಲ್ಲ. ಸೇಫ್ಟಿಯ ಕೀಲನ್ನು ಮುಟ್ಟಿ ನೋಡಿದರು. ಅದು ಮುಂದಕ್ಕೆ ಸರಿದಿತ್ತು. ಯಾವಾಗ ಸರಿಸಿದರು? ತೋಟೆಯನ್ನು ಹೊರತೆಗೆಯುವಾಗ ಅದು ಕೈಯಿಂದ ಜಾರಿ ಕಣಿಯ ನೀರಿಗೆ ಬಿತ್ತು. ಪರವಾನಗಿಯಲ್ಲಿ ಪ್ರತಿಯೊಂದು ತೋಟೆಗೂ ಲೆಕ್ಕವಿರುವುದರಿಂದ, ಆ ಚಳಿಯಲ್ಲಿ, ಅರುವತ್ತನಾಲ್ಕರ ಗೃಹಸ್ಥರು ಮೊಣಕೈಯವರೆಗೆ ಕೆಸರಿಗೆ ಕೈಹಾಕಿ ಅದನ್ನು ಹುಡುಕಿದರು.

ಏಳು ಗಂಟೆಗೆ ಮುದುಕಿ ಬುಟ್ಟಿ ತಂದು ಅಂಗಳದಲ್ಲಿಟ್ಟಳು. ಮೊಮ್ಮಗಳ ಸೀಮಂತವಿದೆ, ಬೇಗ ಹೋಗಬೇಕು, ಅದಕ್ಕೇ ಕತ್ತಲೆಗೇ ಬಂದೆ ಎಂದಳು. “ಇವತ್ತು ಹಂದಿ ಬಂದಿತ್ತಾ ಧಣಿ?” ಎಂದು ಕೇಳಿದಳು. ಯಜಮಾನರು ಇಲ್ಲವೆಂದು ತಲೆಯಾಡಿಸಿ, ಸೀಮಂತದ ಖರ್ಚಿಗೆಂದು ಅವಳು ಕೇಳದಿದ್ದ ಹಣವನ್ನು ಕೊಟ್ಟರು. ಅವಳು ಎಣಿಸಿ, ಹೆಚ್ಚಾಯಿತೆಂದು ಗದರಿಸಿ, ಸೆರಗಿಗೆ ಕಟ್ಟಿಕೊಂಡಳು.

ಕೊಡಗಿನ ಸ್ನೇಹಿತರಿಗೆ ಮಾತ್ರ ಯಜಮಾನರು ಇದನ್ನು ಹೇಳಿದರು. ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ. ಬಳಿಕ ಅವರು, “ತಪ್ಪು ನನ್ನದು. ಅಂತರ ಹೇಳಿದೆ, ಪಟ್ಟು ಹೇಳಿದೆ, ಮೊದಲು ಹೇಳಬೇಕಾದುದನ್ನು ಹೇಳಲಿಲ್ಲ” ಎಂದರು. ಹೇಳಬೇಕಾಗಿದ್ದುದು ಇಷ್ಟೇ: ದುರ್ಬೀನನ್ನು ಕೋವಿಗೆ ಬಿಗಿದವನು ಏನನ್ನು ನೋಡಬೇಕಾದರೂ ಅದರತ್ತ ಕೋವಿಯನ್ನು ತಿರುಗಿಸಲೇಬೇಕು. ಆದುದರಿಂದ ಗುರುತು ಹಿಡಿಯುವ ದುರ್ಬೀನು ಕೊರಳಲ್ಲಿರಬೇಕು, ಗುರಿಯಿಡುವ ದುರ್ಬೀನು ಕೋವಿಯಲ್ಲಿರಬೇಕು; ಮೊದಲನೆಯದರಲ್ಲಿ ಹಂದಿಯೆಂದು ಖಚಿತವಾಗುವವರೆಗೆ ಎರಡನೆಯದು ಮೇಲೇಳಕೂಡದು. ಅಂಗಡಿಯ ಯಾವ ಪಟ್ಟಿಯಲ್ಲಿಯೂ ಇದನ್ನು ಅಚ್ಚು ಹಾಕಿರುವುದಿಲ್ಲ. ಯಜಮಾನರು ಮರುವಾರವೇ ಕೊರಳಿಗೆ ಹಾಕುವ ಎಂಟು ಪಟ್ಟಿನ ಜೋಡಿ ದುರ್ಬೀನನ್ನು ತರಿಸಿದರು. ಅದನ್ನು ಕೊರಳಿಗೆ ಹಾಕಿಕೊಂಡು ಕಲ್ಲಿನ ಮೇಲೆ ಕುಳಿತದ್ದೂ ಉಂಟು. ಹಂದಿಗಳೂ ಬಂದವು, ಖಚಿತವಾಗಿ ಹಂದಿಗಳೇ. ಆದರೆ ಅಷ್ಟು ಖಚಿತವಾದ ಮೇಲೆಯೂ ಕೈ ಕೋವಿಯತ್ತ ಹೋಗುವಷ್ಟರಲ್ಲಿ ಅವು ಕಣಿ ದಾಟಿರುತ್ತಿದ್ದವು. ಬೇಲಿಯನ್ನು ಬಿಗಿ ಮಾಡಿಸಿದರು.

ಆ ವರ್ಷ ಮೇ 10ರಂದು ವಿಧಾನಸಭೆಯ ಮತದಾನ. ಚುನಾವಣೆ ಬಂತೆಂದರೆ ಜಿಲ್ಲೆಯ ರೈತರ ಕೋವಿಗಳು ಪೋಲೀಸು ಠಾಣೆಗೆ ಹೋಗುವುದು ವಾಡಿಕೆ. ಉಳಿದವರು ಗೊಣಗುತ್ತ ಒಯ್ದರು, ಯಜಮಾನರು ಗೊಣಗಲಿಲ್ಲ. ಠಾಣೆಯ ಕಪಾಟಿನಲ್ಲಿ ಬೂಷ್ಟು ಹಿಡಿದೀತೆಂದು ದುರ್ಬೀನನ್ನು ಮಾತ್ರ ಬಿಚ್ಚಿ ಮನೆಯಲ್ಲಿಟ್ಟರು. ಕೋವಿ ಮರಳಿ ಬಂದು ಕಪಾಟು ಸೇರಿದ ಮೇಲೆಯೂ ಅದನ್ನು ಕೂರಿಸಲಿಲ್ಲ. ಬಿಚ್ಚಿ ಕೂರಿಸಿದರೆ ಗುರಿ ತಪ್ಪುತ್ತದೆ, ಮತ್ತೆ ಎಂಟು ತೋಟೆ ದಂಡ ಎಂದು ಅಳಿಯನಿಗೆ ಹೇಳಿದರು. ಅದು ನಿಜವೂ ಹೌದು.

ಬೇಸಗೆಯ ರಜೆಗೆ ಬಂದ ಮೊಮ್ಮಕ್ಕಳಿಗೆ ಅದು ಸಿಕ್ಕಿತು. ಉಪ್ಪರಿಗೆಯ ಕಿಟಕಿಯಲ್ಲಿ ನಿಂತು ಕೆರೆಯ ಮೂಲೆಯ ನೀರುಕಾಗೆಗಳನ್ನು ನೋಡುವುದೇ ಅವರ ಹಗಲಿನ ಕೆಲಸ. ಅವರ ಗಲಾಟೆಯನ್ನು ಕೇಳಿ ಅಡಿಕೆ ಹೆಕ್ಕುವ ಮುದುಕಿ ಒಂದು ದಿನ ಮೆಟ್ಟಿಲು ಹತ್ತಿ ಬಂದಳು. ನನಗೂ ತೋರಿಸಿ ಎಂದಳು. ಮಕ್ಕಳು ಕೊಳವೆಯನ್ನು ಅವಳ ಕೈಗಿತ್ತರು. ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಅವಳು ಕೆರೆಯನ್ನು ನೋಡಿದಳು, ಗುಡ್ಡವನ್ನು ನೋಡಿದಳು, ಕೊನೆಗೆ ಕೊಳವೆಯನ್ನು ಯಜಮಾನರ ಕಡೆಗೇ ತಿರುಗಿಸಿ ಒಂದು ಕಣ್ಣು ಮುಚ್ಚಿದಳು.

“ಅಯ್ಯೋ ಧಣಿ,” ಎಂದು ನಕ್ಕಳು, “ಇದರಲ್ಲಿ ಇಷ್ಟು ಹತ್ತಿರ ಕಾಣುತ್ತದಾ!”

ಯಜಮಾನರು ಹೌದೆಂದು, ಅವಳಿಗೆ ಕಾಫಿ ಹೇಳಲು ಕೆಳಗಿಳಿದರು.